ಸುಬಿರಿ ಎನ್ನದವನು

"ಆ ಫೋನ್ ಇಲ್ಲಿ ಕೊಡು."

ಒಡೇರಾ ತಲೆಯೆತ್ತಿದ. ಮೇಜಿನ ಮೇಲೆ ಬೋರಲಾಗಿದ್ದ ಅವನ ಫೋನನ್ನು ಅಪೋಂಡಿಯ ಕೈ ಆಗಲೇ ಅದುಮಿ ಹಿಡಿದಿತ್ತು.

ಉಳಿದವರೆಲ್ಲ ಮೆಟ್ಟಿಲಿಳಿದು ಹೋಗಿದ್ದರು. ಕಿಸುಮು ಪಟ್ಟಣದ ಕಿಬುಯೆ ಮಾರುಕಟ್ಟೆಯ ಹಿಂದೆ, ಚಹಾದಂಗಡಿಯ ಮಹಡಿಯಲ್ಲಿ, ಶನಿವಾರ ಬೆಳಿಗ್ಗೆ ಅವಳ ಓದುಬಳಗ ಗುಟ್ಟಾಗಿ ಸೇರುತ್ತದೆ. ಓದುವುದು ಸಾಫ್ಟ್‌ವೇರ್ ಪುಸ್ತಕ. ಓದುವವರು ಒಂದೇ ಕಂಪನಿಯಲ್ಲಿ ಚಿತ್ರಗಳಿಗೆ ಹೆಸರು ಅಂಟಿಸಿ, ಅವನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಕೂಲಿಗಳು. ಕಣ್ಣು ಸವೆಸುವುದು ಇವರು, ಬುದ್ಧಿವಂತರೆಂಬ ಹೊಗಳಿಕೆ ಯಜಮಾನರಿಗೆ! ಕಲಿತ ಕೂಲಿ ಪ್ರಶ್ನೆ ಕೇಳುತ್ತಾನೆಂದು ಅವರಿಗೂ ಗೊತ್ತು. ಹೋದ ವಾರ ಬಳಗದ ಇಬ್ಬರನ್ನು ಕೆಲಸದಿಂದ ತೆಗೆದಿದ್ದರು.

ಚಾಡಿ ಹೇಳಿದವರು ಯಾರು?

ಅಪೋಂಡಿಗೆ ಒಬ್ಬನ ಮೇಲೆಯೇ ಅನುಮಾನ. ಬಳಗದ ನಿಯಮ ಒಂದೇ. ಅರ್ಥವಾಗದವರು 'ಸುಬಿರಿ', ಅಂದರೆ ತಾಳು, ಎನ್ನಬೇಕು. ಓದು ನಿಲ್ಲುತ್ತದೆ. 'ಯಾವ ಸಾಲು?' ಎಂದು ಅವಳು ಕೇಳುತ್ತಾಳೆ. ಯಾರೂ ನಗುವಂತಿಲ್ಲ. ಎಲ್ಲರೂ ಅಂದಿದ್ದಾರೆ, ಒಡೇರಾ ಮಾತ್ರ ಒಮ್ಮೆಯೂ ಅಂದಿಲ್ಲ. ಪುಟ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂರುತ್ತಾನೆ.

ಇವನು ಓದಲು ಬಂದವನಲ್ಲ... ಮತ್ತೆ ಆ ನೋಟಕ್ಕೆ ನಾನೇಕೆ ಸಾಲು ತಪ್ಪುತ್ತೇನೆ?

"ರೆಕಾರ್ಡ್ ಮಾಡ್ತಿದ್ಯಾ?"

"ಹೂಂ."

"ಯಾರಿಗೆ ಕಳಿಸ್ತೀಯ? ಸೂಪರ್‌ವೈಸರ್‌ಗಾ?"

"ನಿನ್ನ ಧ್ವನಿ ಕೇಳೋ ಭಾಗ್ಯ ಅವನಿಗೆಲ್ಲಿದೆ, ಮ್ವಾಲಿಮು?" ಬಳಗದವರೆಲ್ಲ ಅವಳನ್ನು ಕರೆಯುವುದೇ ಹಾಗೆ, ಟೀಚರ್ ಎಂದು.

"ತಮಾಷೆ ಬೇಡ. ಇಬ್ಬರ ಮನೇಲಿ ಉಗಾಲಿ ಮುದ್ದೆ ಬೇಯ್ತಿಲ್ಲ."

ಅವನು ಅವಳ ಕೈಯಡಿಯಿಂದ ಫೋನ್ ಎಳೆದುಕೊಂಡು, ತೆರೆದು ಅವಳತ್ತ ತಿರುಗಿಸಿದ. ಹಿಂದಿನ ವಾರಗಳ ಓದು, ಅವಳದೇ ಧ್ವನಿ. ಅದರ ಕೆಳಗೆ ರಾತ್ರಿಪಾಳಿಯ ಹೆಂಗಸರ ಉತ್ತರಗಳು. 'ಮ್ವಾಲಿಮುಗೆ ನಿಧಾನ ಓದೋಕೆ ಹೇಳು.' 'ಅವಳು ನಕ್ಕಿದ್ದನ್ನ ಕತ್ತರಿಸಬೇಡ ಮಾರಾಯ.'

"ಈ ಹೊತ್ತಲ್ಲಿ ಅವರು ಮಲಗಿರ್ತಾರೆ. ಅವರೂ ಕಲೀಬೇಡ್ವಾ?"

"ಹಾಗಾದ್ರೆ ಆ ಇಬ್ಬರ ವಿಷಯ...?"

ಅವನು ಮೇಜಿನ ಮೇಲಿದ್ದ ಪುಸ್ತಕ ತೋರಿಸಿದ. "ಇವತ್ತು ಏನು ಓದಿದೆ?"

"ಯಾರು ಏನನ್ನ ನೋಡಬಹುದು ಅಂತ... ಅನುಮತಿ ಬಗ್ಗೆ."

"ಹೋದ ತಿಂಗಳು ಬಳಗದ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ ನೀನು. ಮುಖ ಕಾಣೋ ಹಾಗೆ ಮುಂದೆ ಕೂತಿದ್ದೋರು ಆ ಇಬ್ಬರೇ. ಸೂಪರ್‌ವೈಸರ್ ನಂಬರ್ ನಿನ್ನ ಫೋನಲ್ಲಿ ಇದೆ ತಾನೆ? ಅವನಿಗೂ ಕಂಡಿರತ್ತೆ."

ಬೀಗದ ಪಾಠ ಹೇಳುವವಳೇ ಬಾಗಿಲು ತೆರೆದಿಟ್ಟಿದ್ದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಳಗ ಮುಚ್ಚಿಬಿಡ್ತಿದ್ದೆ. ಅನುಮಾನ ನನ್ನ ಮೇಲಿದ್ರೆ ಓದು ನಡೀತಾ ಇರತ್ತೆ."

"ಮತ್ತೆ ಒಂದು ಸಲಾನೂ ಸುಬಿರಿ ಅನ್ನಲಿಲ್ಲ. ಎಲ್ಲಾ ಅರ್ಥವಾಗ್ತಿತ್ತಾ?"

"ಅರ್ಧಾನೂ ಇಲ್ಲ." ಅವನು ನೆಲ ನೋಡಿದ. "ಹಾಗಂದಿದ್ರೆ ನೀನು ಓದೋದು ನಿಲ್ಲಿಸ್ತಿದ್ದೆಯಲ್ಲ..."

ಅವಳು ಪುಸ್ತಕ ಎತ್ತಿ ಎದೆಗೊತ್ತಿಕೊಂಡಳು.

"ಇಬ್ಬರ ಮನೆಗೂ ಹೋಗಿ ನನ್ನ ತಪ್ಪು ನಾನೇ ಹೇಳ್ತೀನಿ. ಸೋಮವಾರ ಕಂಪನಿ ಗೇಟಿನ ಮುಂದೆ ನಿಂತು ಓದ್ತೀನಿ. ಬಚ್ಚಿಟ್ಟು ಓದಿದ್ದು ಸಾಕು."

ಮೆಟ್ಟಿಲಿನತ್ತ ತಿರುಗಿದಳು.

"ಸುಬಿರಿ."

ಅವಳ ಕಾಲು ತಾನಾಗಿ ನಿಂತಿತು. ತಿರುಗದೆಯೇ ಕೇಳಿದಳು, "ಯಾವ ಸಾಲು?"

"'ನಾನೇ' ಅಂದ್ಯಲ್ಲ... ಅದು ಅರ್ಥವಾಗಲಿಲ್ಲ, ಅಪೋಂಡಿ."

ಮೊದಲ ಸಲ ಅವನು ಹೆಸರು ಹಿಡಿದು ಕರೆದಿದ್ದ. ಒದ್ದೆ ಕಣ್ಣಲ್ಲೇ ಅವಳು ತಿರುಗಿ, ಬಳಗದ ನಿಯಮ ಮುರಿದು ನಕ್ಕಳು.

"'ನಾವು' ಅಂತ ತಿದ್ದಿಕೋ," ಎಂದು ಕೈ ಚಾಚಿದಳು.