ನೀಲಿಯ ನಾಲ್ಕನೇ ಟೈರು

ಒಂಬತ್ತು ವರ್ಷದವಳಿದ್ದಾಗ ಅವಳು ಅಪ್ಪನಿಗೆ ಒಂದು ಮಾತು ಕೊಟ್ಟಿದ್ದಳು.

ಯಾರೋ ಗುದ್ದಿ ಮೂಲೆಗೆ ಎಸೆದಿದ್ದ ನೀಲಿ ಕಾರೊಂದನ್ನು ಅಪ್ಪ ಮನೆಗೆ ಎಳೆದು ತಂದಿದ್ದರು. ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ. ಹಗಲೆಲ್ಲ ಬಸ್ ಓಡಿಸಿ ಬಂದು ಸಂಜೆ ಅದರ ಕೆಳಗೆ ಮಲಗುತ್ತಿದ್ದ ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದವಳು ಇವಳೇ. ಎರಡು ವರ್ಷದ ಬೆವರಿನ ನಂತರ ಎಂಜಿನ್ ಗುಡುಗಿದ ದಿನ, ಅವಳು ಓಡಿ ಹೋಗಿ ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟಳು.

"ಅಪ್ಪಾ, ಈ ಸೀಟಲ್ಲಿ ನಿಮ್ಮನ್ನ ಬಿಟ್ರೆ ನಾನೊಬ್ಳೇ ಕೂರೋದು. ಬೇರೆ ಯಾರನ್ನೂ ಕೂರಿಸಲ್ಲ. ಆಣೆ!"

"ನಾಳೆ ನಿನ್ನ ಗಂಡ ಬಂದ್ರೂ?" ಅಪ್ಪ ನಕ್ಕಿದ್ದರು.

"ಅವನು ಪಕ್ಕದ ಸೀಟಲ್ಲಿ ಕೂರ್ಲಿ!"

ಇಪ್ಪತ್ತು ವರ್ಷ ಕಳೆಯಿತು. ಕಾರಿಗೆ 'ನೀಲಿ' ಅನ್ನೋ ಹೆಸರೇ ಖಾಯಂ ಆಯಿತು. ಮಾತೂ ಹಾಗೇ ಉಳಿಯಿತು.

*

"ಇಳೀರಿ!"

ಗ್ಯಾರೇಜಿನ ಗದ್ದಲವೆಲ್ಲ ಒಮ್ಮೆಗೇ ನಿಂತಂತಾಯಿತು.

ಒಂದು ಕಾಲನ್ನು ನೀಲಿಯ ಒಳಗೂ ಇನ್ನೊಂದನ್ನು ಹೊರಗೂ ಇಟ್ಟುಕೊಂಡು, ಕಂಕುಳಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡಿದ್ದ ಟ್ಯೂನರ್, ಎಂಜಿನ್ನಿನ ಬಲ ಹೊಂದಿಸಿಕೊಡುವವನು, ತಲೆಯೆತ್ತಿದ. ಎದುರಿಗೆ ಬಂದರಿನ ಕ್ರೇನ್ ಆಪರೇಟರ್‌ಗಳ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಹುಡುಗಿ. ಕಣ್ಣಲ್ಲಿ ಕಿಡಿ!

"ಮೇಡಂ, ಓಡಿಸಿ ನೋಡದೆ ಟ್ಯೂನ್ ಮಾಡೋದು ಹೇಗೆ? ನಾನೇನು ಗಾಡಿ ಕದ್ದುಕೊಂಡು ಹೋಗ್ತೀನಾ?"

"ಓಡಿಸೋದು ನಾನು. ನೀವು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ನೋಡ್ಕೊಳ್ಳಿ. ಒಪ್ಪಿಗೆ ಇದ್ರೆ ಸರಿ, ಇಲ್ಲಾಂದ್ರೆ ಬೇರೆ ಗ್ಯಾರೇಜ್ ನೋಡ್ಕೋತೀನಿ."

ಸ್ಪೇರ್‌ಪಾರ್ಟ್ಸ್ ಕೌಂಟರಿನ ಹಿಂದಿನಿಂದ ಅವನ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಗ್ಯಾರೇಜ್ ಅವಳದು, ಬಾಯಿಯೂ ಅವಳದೇ.

"ಹೋಗೋ, ಆ ಕಡೆ ಕೂತ್ಕೋ. ನಿನ್ನನ್ನ ಇಳಿಸೋಳು ಒಬ್ಳು ಯಾವಾಗ ಬರ್ತಾಳೋ ಅಂತ ಕಾಯ್ತಿದ್ದೆ!"

ಅವನು ಇಳಿದ. ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ, ಬೆಲ್ಟ್ ಹಾಕಿಕೊಂಡ.

'ಜಗಳ ಆಡ್ತಾನೆ ಅಂದ್ಕೊಂಡಿದ್ದೆ... ಸುಮ್ನೆ ಕೂತ್ನಲ್ಲ!' ಅವಳಿಗೇ ಆಶ್ಚರ್ಯ.

ಐದು ವಾರದ ನಂತರ ಬೆಟ್ಟದ ರಸ್ತೆಯನ್ನು ಒಂದು ದಿನ ಮುಚ್ಚಿ, ಕಾರುಗಳನ್ನು ಒಂದೊಂದಾಗಿ ಮೇಲಕ್ಕೆ ಓಡಿಸಿ ಸಮಯ ಅಳೆಯುವ ಪಂದ್ಯವಿತ್ತು. ಅದಕ್ಕೆ ಹೋಗಬೇಕೆಂದು ಅವಳು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದಳು. ಈಗ ಮುಂದೂಡುವಂತಿರಲಿಲ್ಲ. ಅಪ್ಪನ ದೃಷ್ಟಿ ಅಕ್ಕಪಕ್ಕದಿಂದ ಮುಚ್ಚಿಕೊಳ್ಳುತ್ತಾ ಬರುತ್ತಿತ್ತು. "ಸ್ಟಿಯರಿಂಗ್ ಮುಟ್ಟಬೇಡಿ" ಎಂದು ಡಾಕ್ಟರ್ ಮಾತು ತೆಗೆದುಕೊಂಡಿದ್ದರು. ಮುಂದಿನ ವರ್ಷಕ್ಕೆ ಎಷ್ಟು ಕಂಡೀತೋ, ಅವರೂ ಹೇಳಲಿಲ್ಲ.

ಬೆಟ್ಟದ ತುದಿಯಲ್ಲಿ ಅಪ್ಪ ನಿಂತಿರಬೇಕು. ನೀಲಿ ಮೇಲೆ ಬರುವುದನ್ನು ಅವರು ಕಣ್ಣಾರೆ ನೋಡಬೇಕು.

ಅವಳಿಗೆ ಬೇಕಿದ್ದದ್ದು ಅಷ್ಟೇ.

*

ಅವಳ ಪಾಳಿ ಶುರುವಾಗುವ ಮೊದಲು, ದಿನಾ ಬೆಳಿಗ್ಗೆ, ಊರಾಚೆಯ ಖಾಲಿ ರಸ್ತೆಯಲ್ಲಿ ಅವರ ಕೆಲಸ. ಅವಳ ಕೈಯಲ್ಲಿ ಸ್ಟಿಯರಿಂಗ್, ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್.

"ಮೂರನೇ ಗೇರ್... ಪೂರ್ತಿ ಒತ್ತಿ... ಹಾಂ, ಬಿಡಿ!"

ಟರ್ಬೊ ಸಿಳ್ಳೆ ಹೊಡೆಯುತ್ತಿತ್ತು, ಬೆನ್ನು ಸೀಟಿಗೆ ಅಂಟುತ್ತಿತ್ತು. ಪಕ್ಕದಲ್ಲಿ ಕೂತ ಗಂಡಸರು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿಯುವುದನ್ನು ಅವಳು ನೋಡಿದ್ದಳು. ಇವನ ಕೈ ಮಾತ್ರ ಕೀಬೋರ್ಡ್ ಬಿಟ್ಟು ಅಲ್ಲಾಡಲಿಲ್ಲ.

"ಭಯ ಆಗಲ್ವಾ ನಿಮಗೆ?"

"ನಲವತ್ತು ಅಡಿ ಕಂಟೇನರನ್ನ ಕ್ರೇನಿಂದ ಸದ್ದಿಲ್ಲದೆ ಇಳಿಸೋ ಕೈ ನಿಮ್ಮದು. ಭಯ ಯಾಕೆ?" ಪರದೆಯಿಂದ ಕಣ್ಣೆತ್ತದೆ ಅವನು ಹೇಳಿದ.

ಅವಳು ರಸ್ತೆಯನ್ನೇ ನೋಡಿದಳು. ಕಿವಿ ಮಾತ್ರ ಬಿಸಿಯಾಯಿತು.

ಜೋರಾಗಿ ಓಡಿಸಿದ ಮೇಲೆ ಎಂಜಿನ್ ತಕ್ಷಣ ಆರಿಸಬಾರದು. ಕೆಂಡದಂತಾದ ಟರ್ಬೊ ಒಳಗೆ ಎಣ್ಣೆ ಇನ್ನೊಂದಿಷ್ಟು ಹರಿದಾಡಬೇಕು. "ಒಂದು ನಿಮಿಷ ಉಸಿರಾಡ್ಲಿ" ಎಂದು ಅಪ್ಪ ಕಲಿಸಿದ ಪಾಠ. ಗ್ಯಾರೇಜಿನ ಮುಂದೆ ಆ ಒಂದು ನಿಮಿಷ ಇಬ್ಬರೂ ಸುಮ್ಮನೆ ಕೂರುತ್ತಿದ್ದರು. ದಿನ ಕಳೆದಂತೆ ಸುಮ್ಮನೆ ಕೂರುವುದು ನಿಂತಿತು...

ಕ್ರೇನಿನ ಗಾಜಿನ ಕೋಣೆಯಿಂದ ಹಡಗುಗಳು ಹೇಗೆ ಕಾಣುತ್ತವೆ ಎಂದು ಅವಳು ಹೇಳಿದಳು. ಎಂಟನೇ ವಯಸ್ಸಿನಲ್ಲಿ ಮಿಕ್ಸಿ ಬಿಚ್ಚಿ ಚಿಕ್ಕಮ್ಮನಿಂದ ಬಾರುಕೋಲಿನಂಥ ಬೈಗುಳ ತಿಂದದ್ದನ್ನು ಅವನು ಹೇಳಿದ. ಒಂದು ನಿಮಿಷ ಐದಾಯಿತು, ಐದು ಹತ್ತಾಯಿತು.

"ಟರ್ಬೊ ತಣ್ಣಗಾಗಿ ಐಸ್ ಆಗಿರುತ್ತೆ, ಇಳೀರೋ ಇನ್ನ!" ಕೌಂಟರಿನಿಂದ ಕೂಗು ಬಂದಾಗ ಇಬ್ಬರೂ ಎರಡು ಕಡೆಯ ಬಾಗಿಲು ತೆರೆದು ಓಡುತ್ತಿದ್ದರು!

*

ಪಂದ್ಯಕ್ಕೆ ಎಂಟು ದಿನ ಇರುವಾಗ ಎಲ್ಲ ಕೆಟ್ಟಿತು.

ಸರ್ವಿಸ್‌ಗೆಂದು ಎರಡು ದಿನ ಗ್ಯಾರೇಜಿನಲ್ಲಿದ್ದ ನೀಲಿಯನ್ನು ತೆಗೆದುಕೊಂಡು ಅವಳೊಬ್ಬಳೇ ಹೊರಟಿದ್ದಳು. ಖಾಲಿ ರಸ್ತೆಯಲ್ಲಿ ಪೂರ್ತಿ ಒತ್ತಿದಳು. ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮುಳ್ಳು ಏರಿತು... ಒಂದೂಕಾಲರ ಹತ್ತಿರ ಹೋಗಬೇಕಾದದ್ದು ಮುಕ್ಕಾಲಿಗೇ ನಿಂತುಬಿಟ್ಟಿತು. ಮತ್ತೊಮ್ಮೆ ಒತ್ತಿದಳು. ಮತ್ತೆ ಮುಕ್ಕಾಲು.

ಯಾರೋ ಬೇಕೆಂದೇ ತಗ್ಗಿಸಿದ್ದಾರೆ. ಆ ಯಾರೋ, ಒಬ್ಬನೇ ಇರಲು ಸಾಧ್ಯ.

"ಬೂಸ್ಟ್ ಕಡಿಮೆ ಮಾಡಿದ್ದು ನೀವೇನಾ?"

ಅವನು ಕೈ ಒರೆಸಿಕೊಳ್ಳುತ್ತಾ ನಿಂತ. "ಹೌದು."

"ನನ್ನನ್ನ ಕೇಳದೆ?"

"ಒಂದು ನಾಲ್ಕು ದಿನ ಜೋರಾಗಿ ಓಡಿಸ್ಬೇಡಿ. ಆಮೇಲೆ ಮೊದಲಿನ ಹಾಗೇ ಹಾಕಿಕೊಡ್ತೀನಿ."

"ಕಾರಣ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ಈಗ ಹೇಳೋಕಾಗಲ್ಲ."

ಅವಳಿಗೆ ಹಳೆಯದೊಂದು ನೆನಪಾಯಿತು. ಮೂರು ವರ್ಷದ ಹಿಂದೆ ಇನ್ನೊಂದು ಗ್ಯಾರೇಜಿನವನು ಹೀಗೇ ಮಾಡಿದ್ದ. 'ಲೇಡೀಸ್ ಓಡಿಸೋದಲ್ವಾ, ಇಷ್ಟು ಸಾಕು' ಎಂದು ಹಲ್ಲು ಕಿರಿದಿದ್ದ.

'ಇವನೂ ಹಾಗೇನಾ? ನನ್ನ ಕೈ ನಂಬಿ ಭಯ ಇಲ್ಲ ಅಂದದ್ದೆಲ್ಲ ಬರೀ ಬಾಯಿಮಾತಾ?'

"ಪಕ್ಕದಲ್ಲಿ ಕೂತಿದ್ದಾಗ ಹೆದರಲಿಲ್ಲ, ಎದ್ದು ಹೋದ ಮೇಲೆ ಹೆದರಿದ್ರಿ. ಅಷ್ಟೇ ತಾನೇ? ನಾಳೆ ಬೇರೆಯವರ ಹತ್ರ ಬೂಸ್ಟ್ ಏರಿಸ್ಕೋತೀನಿ."

"ಬೇಡ! ದಯವಿಟ್ಟು... ಯಾರ ಹತ್ರಾನೂ ಏರಿಸ್ಬೇಡಿ. ನಾಲ್ಕೇ ದಿನ!"

"ಹೇಳದೇ ಇರೋ ಕಾರಣಕ್ಕೆ ನಾನು ಕಾಯಲ್ಲ, ಟ್ಯೂನರ್ ಸಾಹೇಬ್ರೇ."

ಅವಳು ಹೊರಟೇಬಿಟ್ಟಳು. ಸಿಟ್ಟು ನೆತ್ತಿಗೇರಿದ್ದರೂ ಮನೆ ಮುಂದೆ ಒಂದು ನಿಮಿಷ ಎಂಜಿನ್ ಓಡಲು ಬಿಟ್ಟು ಕೂತಳು. ಪಕ್ಕದ ಸೀಟು ಖಾಲಿ. ಒಂದು ನಿಮಿಷ ಅಷ್ಟು ಉದ್ದ ಎಂದು ಅವಳಿಗೆ ಅಂದೇ ತಿಳಿದದ್ದು...

*

ಬೇರೆ ಟ್ಯೂನರ್‌ಗಳ ಕೈ ತುಂಬಿತ್ತು. ಒಬ್ಬ ಭಾನುವಾರ ಬರಲು ಹೇಳಿದ.

ಶನಿವಾರ ಬೆಳಿಗ್ಗೆ ಅವಳು ಬಾಗಿಲು ತೆಗೆದರೆ ಗೇಟಿಗೆ ಒರಗಿಸಿ ಒಂದು ಟೈರು ಇಟ್ಟಿತ್ತು. ಹೊಸದಲ್ಲ, ಅರ್ಧ ಸವೆದದ್ದು. ಅದರ ಪಕ್ಕೆಯ ಮೇಲೆ ಬಿಳಿ ಚಾಕಿನಿಂದ ದೊಡ್ಡದಾಗಿ ಬರೆದಿತ್ತು: 4.6.

ಟ್ಯೂನರನ ಆ ಓರೆ ಬರಹ ಅವಳಿಗೆ ಚೆನ್ನಾಗಿ ಗೊತ್ತಿತ್ತು. 'ಹಳೇ ಟೈರ್ ಕೊಟ್ಟು ರಾಜಿ ಮಾಡ್ಕೊಳ್ಳೋಕೆ ಬಂದ್ನಾ? ಜನ ಹೂವು ಕೊಡ್ತಾರೆ, ಇವನು...'

ತಿರುಗಿ ನೋಡಿದರೆ ಅಪ್ಪ ಹೊಸ್ತಿಲಲ್ಲಿ ನಿಂತಿದ್ದರು. ಟೈರನ್ನು ಕಂಡ ಅವರ ಮುಖ ಬಿಳಿಚಿಕೊಂಡಿತು.

ಅವಳಿಗೆ ಫಕ್ಕನೆ ಹೊಳೆಯಿತು. ಒಳಗೆ ಓಡಿ ಟೈರಿನ ಪಟ್ಟೆಯ ಆಳವನ್ನು ಮಿಲಿಮೀಟರಿನಲ್ಲಿ ಅಳೆಯುವ ಗೇಜ್ ತಂದು ನೀಲಿಯ ಪಕ್ಕ ಮಂಡಿಯೂರಿದಳು.

ಮುಂದಿನ ಬಲ... 4.6.

ಮುಂದಿನ ಎಡ... 4.6.

ಹಿಂದಿನ ಬಲ... 4.6.

ಹಿಂದಿನ ಎಡ... 8!

ಅದೇ ಕಂಪನಿ, ಅದೇ ಅಳತೆ, ಅದೇ ಪಟ್ಟೆ. ಆದರೆ ಹೊಚ್ಚ ಹೊಸದು, ಮೇಲೆ ಬೇಕೆಂದೇ ಮಣ್ಣು ಮೆತ್ತಿದ್ದು.

ನಾಲ್ಕು ಜನ ಮಂಚ ಹೊತ್ತು ಹೊರಟಾಗ ಒಬ್ಬನೇ ಗೇಣುದ್ದ ಎತ್ತರ ಇದ್ದರೆ ಏನಾಗುತ್ತದೋ, ಇಂಥ ಗಾಡಿಗೂ ಅದೇ ಆಗುತ್ತದೆ. ಸವೆಯದ ಟೈರಿನಿಂದ ಒಂದು ಚಕ್ರ ಕೂದಲೆಳೆಯಷ್ಟು ದೊಡ್ಡದಾದರೂ, ನಾಲ್ಕಕ್ಕೂ ಬಲ ಹಂಚುವ ನಡುವಿನ ಗೇರು ಒದ್ದಾಡಿ, ಕಾದು, ಕೊನೆಗೆ ಸುಟ್ಟೇಹೋಗುತ್ತದೆ. ಪೂರ್ತಿ ಬೂಸ್ಟಿನಲ್ಲಿ ಬೆಟ್ಟ ಹತ್ತಿಸಿದ್ದರೆ...!

"ಅಪ್ಪಾ..."

ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು.

"ನೀನು ಡ್ಯೂಟಿಗೆ ಹೋದಾಗ ಒಂದೇ ಒಂದು ಸುತ್ತು ಹಾಕೋಣ ಅಂತ ತೆಗೆದೆ ಮಗಳೇ. ಕೊನೇ ಸಲ ಅಂತ. ಎಡಗಡೆ ಕಲ್ಲು ನನಗೆ ಕಾಣಿಸ್ಲೇ ಇಲ್ಲ... ಟೈರ್ ಸೀಳೋಯ್ತು. ಗಾಬರಿಗೆ ಬಸ್ಸಿನ ಬುದ್ಧಿನೇ ಓಡ್ತು. ಹರಿದಿದ್ದು ಒಂದು, ಹಾಕಿಸಿದ್ದೂ ಒಂದು. ಮೂವತ್ತು ವರ್ಷ ಮಾಡಿದ್ದು ಅದೇ ತಾನೇ?"

"ಆ ಟ್ಯೂನರ್‌ಗೆ ಯಾವಾಗ ಗೊತ್ತಾಯ್ತು?"

"ಸರ್ವಿಸ್‌ಗೆ ಬಿಟ್ಟ ದಿನವೇ ಹಿಡಿದುಬಿಟ್ಟ. ನಾನೇ ಕೈ ಹಿಡ್ಕೊಂಡು ಬೇಡ್ಕೊಂಡೆ. 'ನಾಲ್ಕು ದಿನ ಕೊಡಪ್ಪ, ನಾನೇ ಹೇಳ್ತೀನಿ' ಅಂದೆ. ದಿನಾ ಬಾಯಿಗೆ ಬರ್ತಿತ್ತು, ನಿನ್ನ ಮುಖ ನೋಡಿ ನುಂಗ್ತಿದ್ದೆ. ಹೇಳಿದ್ರೆ ನನ್ನ ಕಣ್ಣು ಹೋಯ್ತು ಅಂತ ನಾನೇ ಒಪ್ಕೊಂಡ ಹಾಗೆ ಅಲ್ವಾ..."

ಬೈಯಬೇಕೆಂದು ಬಾಯಿ ತೆರೆದವಳು ಅಪ್ಪನ ಮಂಡಿಗೆ ತಲೆ ಒರಗಿಸಿದಳು. ಸ್ಟಿಯರಿಂಗ್ ಹಿಡಿದು ಗಂಟುಗಟ್ಟಿದ ಅಂಗೈ ಅವಳ ಕೂದಲ ಮೇಲೆ ಬಂತು.

"ಸರಿ, ಏಳಿ. ಜಾಕ್ ಎಲ್ಲಿಟ್ಟಿದೀರಿ?" ಅವಳು ಕಣ್ಣೊರೆಸಿಕೊಂಡು ಎದ್ದಳು.

*

"ಬಂದ್ಲಪ್ಪಾ ಕ್ರೇನ್ ರಾಣಿ!" ಚಿಕ್ಕಮ್ಮ ಕೌಂಟರಿನ ಆಚೆಯಿಂದಲೇ ಶುರುಮಾಡಿದಳು. "ನಿನಗೋಸ್ಕರ ಇವನು ಮೂರು ಗುಜರಿ ಅಂಗಡಿ ಜಾಲಾಡಿದಾನೆ. ಗೇಜ್ ಹಿಡ್ಕೊಂಡು ಇಪ್ಪತ್ತಮೂರು ಟೈರ್ ಅಳೆದ್ನಂತೆ! ನನ್ನ ಕನ್ನಡಕ ಹುಡುಕಿಕೊಡೋ ಅಂದ್ರೆ ಮಾತ್ರ ಪುರುಸೊತ್ತಿಲ್ಲ."

"ಚಿಕ್ಕಮ್ಮ, ಸುಮ್ನಿರ್ತೀಯಾ!"

ಅವಳು ನೇರವಾಗಿ ಅವನ ಎದುರು ನಿಂತಳು.

"ಅವತ್ತು ಬಾಯಿಗೆ ಬಂದ ಹಾಗೆ ಅಂದೆ. ತಪ್ಪಾಯ್ತು."

"ಪರವಾಗಿಲ್ಲ ಮೇಡಂ..."

"ತಾಳಿ, ಇನ್ನೂ ಮುಗಿದಿಲ್ಲ. ನಿಮ್ಮದೂ ತಪ್ಪಿದೆ. ಅಪ್ಪನ ಮಾನ ಕಾಪಾಡಿದ್ರಿ, ಅದನ್ನ ನಾನು ಮರೆಯಲ್ಲ. ಆದ್ರೆ ಓಡಿಸೋಳು ನಾನು. ನನ್ನ ಗಾಡಿ ವಿಷಯ ಇನ್ಮೇಲೆ ಮೊದಲು ನನಗೆ ಹೇಳ್ಬೇಕು."

ಅವನು ತಲೆ ತಗ್ಗಿಸಲಿಲ್ಲ. ಅವಳ ಕಣ್ಣನ್ನೇ ನೋಡಿದ.

"ಹೌದು. ಹೇಳ್ಬೇಕಿತ್ತು. ಆ ನಾಲ್ಕು ದಿನ ನನಗೆ ಊಟ ಸೇರಿಲ್ಲ. ನೀವು ಎಲ್ಲಾದ್ರೂ ಪೂರ್ತಿ ಒತ್ತಿಬಿಟ್ರೆ ಅಂತ..." ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಇನ್ನೊಂದು ವಿಷಯಾನೂ ಮುಚ್ಚಿಟ್ಟಿದೀನಿ. ಅದು ಗಾಡಿದಲ್ಲ. ನಿಮ್ಮ ಪಕ್ಕದ ಸೀಟು... ಅದು ನನಗೆ ಅಭ್ಯಾಸ ಆಗಿಹೋಗಿದೆ. ಟ್ಯೂನಿಂಗ್ ಮುಗಿದ ಮೇಲೂ ಬೇಕು. ಯಾವಾಗ್ಲೂ ಬೇಕು."

ಕೌಂಟರಿನ ಹಿಂದೆ ಏನೋ ಡಬ್ಬಿ ಬಿದ್ದ ಸದ್ದು!

ಅವಳ ಹೃದಯ ಐದನೇ ಗೇರಿನಲ್ಲಿ ಓಡುತ್ತಿತ್ತು. ಮುಖ ಮಾತ್ರ ಗಂಭೀರ.

"ಮೊದಲು ಬೂಸ್ಟ್ ಹಾಕಿ. ನನ್ನ ಉತ್ತರ ಬೆಟ್ಟದ ಮೇಲೆ ಹೇಳ್ತೀನಿ."

*

ಕೊನೆಯ ತಿರುವಿನ ಬೇಲಿಯ ಹಿಂದೆ ಅಪ್ಪ ನಿಂತಿದ್ದರು, ಪಕ್ಕದಲ್ಲಿ ಟ್ಯೂನರ್. ಕಾರು ಕಾಣುವ ಮೊದಲೇ ಅಪ್ಪ ಕಿವಿ ನಿಮಿರಿಸಿದರು.

"ಬಂದ್ಲು! ಅದು ನಮ್ಮ ನೀಲಿ ಸಿಳ್ಳೆ!"

ತಿರುವಿನಲ್ಲಿ ನೀಲಿ ಒಮ್ಮೆ ಬಾಲ ಒದರಿತು. ಮರುಕ್ಷಣ ನಾಲ್ಕೂ ಚಕ್ರ ರಸ್ತೆಯನ್ನು ಕಚ್ಚಿ ಹಿಡಿದವು. ಅಪ್ಪನ ಮಂಜು ಕಣ್ಣಿನ ಸರೀ ನಡುಮಧ್ಯದಲ್ಲಿ, ಇನ್ನೂ ತಿಳಿಯಾಗಿ ಉಳಿದಿದ್ದ ಜಾಗದಲ್ಲಿ, ಮಗಳು ಗೆರೆ ದಾಟಿದಳು.

ಅವಳ ಗುಂಪಿನಲ್ಲಿ ಎರಡನೇ ಸ್ಥಾನ. ಗಡಿಯಾರವೇ ಸರಿಯಿಲ್ಲ ಎಂದು ಅಪ್ಪ ಸಂಘಟಕರ ಹತ್ತಿರ ಜಗಳಕ್ಕೇ ಹೋದರು.

ಅವಳು ಎಂಜಿನ್ ಆರಿಸಲಿಲ್ಲ. ಒಂದು ನಿಮಿಷ. ಅವನು ಬಂದು ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತ. ನಿಮಿಷ ಮುಗಿಯುತ್ತಲೇ ಅವಳು ಇಳಿದು, ಸುತ್ತಿ ಬಂದು, ಅವನ ಬಾಗಿಲು ತೆರೆದಳು.

"ಇಳಿ."

ಅವನ ಮುಖ ಸಪ್ಪಗಾಯಿತು. "ಅಂದ್ರೆ... ನಿಮ್ಮ ಉತ್ತರ 'ಬೇಡ' ಅಂತಾನಾ?"

"ಆ ಕಡೆ ಹೋಗಿ ಕೂತ್ಕೋ ಅಂತ. ಮನೆವರೆಗೂ ನೀನೇ ಓಡಿಸು."

ಅವಳ ಬಾಯಿಂದ ಮೊದಲ ಸಲ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು.

ಹಿಂದಿನ ಸೀಟಿಗೆ ಹತ್ತುತ್ತಿದ್ದ ಅಪ್ಪ ನಿಂತರು. "ಲೇ! ಆಣೆ ಮಾಡಿದ್ದೆ ಕಣೇ ನೀನು!"

"ಸ್ಟಿಯರಿಂಗ್ ಮುಟ್ಟಲ್ಲ ಅಂತ ಡಾಕ್ಟರಿಗೆ ನೀವು ಕೊಟ್ಟ ಮಾತು ಏನಾಯ್ತಪ್ಪಾ?"

ಅಪ್ಪ ತೆಪ್ಪಗೆ ಹತ್ತಿ ಕೂತು ಬೆಲ್ಟ್ ಹಾಕಿಕೊಂಡರು.

ಅವನು ಡ್ರೈವರ್ ಸೀಟಿನಲ್ಲಿ ಕೂತ. ಕನ್ನಡಿ ಸರಿಮಾಡಿದ, ಮತ್ತೊಮ್ಮೆ ಸರಿಮಾಡಿದ. "ನನಗೆ ಭಯ ಆಗ್ತಿದೆ."

ಅವಳು ಪಕ್ಕದಿಂದ ಕೈ ಚಾಚಿ, ಗೇರಿನ ಮೇಲಿದ್ದ ಅವನ ಕೈ ಮೇಲೆ ಇಟ್ಟಳು. "ನಾನಿದೀನಲ್ಲ. ಕ್ಲಚ್ ಮೆತ್ತಗೆ ಬಿಡು."

ನೀಲಿ ಹೊರಟಿತು.

ಒಂಬತ್ತನೇ ವಯಸ್ಸಿನಲ್ಲಿ ಅಪ್ಪನಿಗೆ ಕೊಟ್ಟ ಮಾತನ್ನು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಮುರಿದಳು.