ಗವಿಬೆಟ್ಟಕ್ಕೆ ಎಕ್ಕಡ ಹೊತ್ತವರು

ಬೆಟ್ಟಕ್ಕೆ ಬೆಂಕಿ ಬೀಳುವುದು ಯಾರಿಂದ ಎಂದು ಹೊಳವನಹಳ್ಳಿಯ ಚಾವಡಿಯಲ್ಲಿ ಮಾತು ನಡೆಯುತ್ತಿದ್ದಾಗಲೇ ಗವಿಬೆಟ್ಟ ಹೊತ್ತಿಕೊಂಡಿತು.

ಫಾಲ್ಗುಣದ ಬಿಸಿಲು. ಮಹಾರಾಜರ ಸರ್ಕಾರ ಕಾಯ್ದಿಟ್ಟಿದ್ದ ಕೊರಟಗೆರೆ, ಮಧುಗಿರಿ ಸೀಮೆಯ ಕಾಡುಗುಡ್ಡಗಳು ಎರಡು ಬೇಸಿಗೆಗಳಿಂದ ಒಂದರ ಹಿಂದೊಂದು ಉರಿದುಹೋಗಿದ್ದವು. ವಿಚಾರಣೆಗೆ ಬಂದಿದ್ದ ರೇಂಜರು ನಂದೀಶ್ವರಯ್ಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

"ಕುರಿಗೆ ಹೊಸ ಹುಲ್ಲು ಚಿಗುರಲಿ ಅಂತ ನೀವೇ ಹಚ್ಚುತ್ತೀರಿ. ಸಸಿ ಸಾಯುತ್ತೆ, ಒರತೆ ಬತ್ತುತ್ತೆ. ಆಮೇಲೆ ಮಳೆ ಇಲ್ಲ ಅಂತ ಅಳುತ್ತೀರಿ."

ಊರಿನ ಹಿರಿಯ ಬೊಮ್ಮಣ್ಣ ಒರಗಿದ್ದ ಕಂಬ ಬಿಟ್ಟು ಮುಂದೆ ಸರಿದ.

"ನಮ್ಮಪ್ಪನ ಕಾಲದಾಗೆ ಮಾರ್ಗಶಿರದ ಇಬ್ಬನಿ ಇರೋವಾಗ್ಲೇ ಒಸಿ ಒಸಿ ಸುಡ್ತಿದ್ರು ಸ್ವಾಮಿ. ಊರೇ ನಿಂತು ಸುಡೋದು, ಊರೇ ನಿಂತು ಆರ್ಸೋದು. ಬ್ಯಾಡ ಅಂದೋರು ನೀವು. ಈಗ ಹುಲ್ಲು ಎದೆಮಟ್ಟ ಬೆಳ್ದು ಒಣಗಿ ನಿಂತೈತೆ. ಯಾವನೋ ಬೀಡಿ ಎಸೆದ್ರೂ ಸಾಕು."

"ಹಾಗಾದರೆ ತಪ್ಪು ನಮ್ಮದು."

"ಇನ್ನೊಂದೈತೆ. ಹೋದ ವರ್ಸ ನೀವು ಬೂಟು ಮೆಟ್ಕೊಂಡು ಗವಿಬೆಟ್ಟ ಹತ್ತಿದ್ರಿ. ಸಿದ್ದಪ್ಪ ಸುಮ್ಕೆ ಬುಟ್ಟಾನಾ?"

ಯಾರೂ ನಗಲಿಲ್ಲ. ಗವಿಬೆಟ್ಟದ ನೆತ್ತಿಯ ಗವಿಯಲ್ಲಿ ಊರ ದೇವರು ಸಿದ್ದಪ್ಪ ನೆಲೆಸಿದ್ದ. ಆ ಬೆಟ್ಟವನ್ನು ಕಾಲಿಗೆ ಎಕ್ಕಡ ಹಾಕಿಕೊಂಡು ಹತ್ತುವವರಿಲ್ಲ. ಹುಲ್ಲಿಗೆ ಹೋಗುವವರಾಗಲಿ, ಜೇನಿಗೆ ಹೋಗುವವರಾಗಲಿ, ಎಲ್ಲರೂ ಬುಡದ ಬಸರಿ ಮರದ ಕೆಳಗೆ ಬಿಟ್ಟೇ ಹೋಗಬೇಕು. ಹಾಗೆ ಬೂಟು ಹಾಕಿ ಹತ್ತಿದ ರೇಂಜರಿಗೆ ಊರಿನಲ್ಲಿ ಮೂರು ತಿಂಗಳು ಯಾರೂ ಮಜ್ಜಿಗೆ ಕೊಟ್ಟಿರಲಿಲ್ಲ.

ಚಾವಡಿಯ ಅಂಚಿನಲ್ಲಿ ಕೂತಿದ್ದ ಪಾಲಣ್ಣ ಎದ್ದು ನಿಂತಿದ್ದು ಆಗಲೇ. ಅವನ ಕಣ್ಣು ಬಡಗಲ ಕಡೆಗಿತ್ತು. ಬೆಟ್ಟದ ಪಡುವಲ ಮಗ್ಗುಲಲ್ಲಿ ಬೂದುಬಣ್ಣದ ಹೊಗೆ ನೆಟ್ಟಗೆ ಎದ್ದು, ಗಾಳಿಗೆ ಸಿಕ್ಕಿ ನೆತ್ತಿಯತ್ತ ಬಾಗಿತು.

"ನನ್ನ ಹೆಂಡ್ರು ಮೇಲವ್ಳೆ" ಎಂದ.

ಆ ತಿಂಗಳು ಬೆಟ್ಟಕ್ಕೆ ಕಾಲಿಡಬಾರದೆಂದು ಡಂಗುರವಾಗಿತ್ತು. ಅದನ್ನು ಮೀರಿದವರು ಯಾರೆಂದು ಪಾಲಣ್ಣ ರೇಂಜರ ಎದುರೇ ಹೇಳಿಬಿಟ್ಟಿದ್ದ.

"ಒಬ್ಬಳೇನಾ?"

"ಅಲ್ಲ ಸ್ವಾಮಿ. ಹೊನ್ನಕ್ಕನ ಜತೆ ನಮ್ಮ ಅತ್ತೆ ಕದರಮ್ಮ, ಪಕ್ಕದ ಮನೆ ಚಿಕ್ಕಕ್ಕ, ಕರಿಬಸಮ್ಮ. ಮಾಡಿಗೆ ಹೊದಿಸೋಕೆ ಬಾದೆಹುಲ್ಲು ಬೇಕಿತ್ತು. ಕೇಸು ಆಮ್ಯಾಕೆ ಹಾಕ್ಕೊಳಿ."

ನಂದೀಶ್ವರಯ್ಯ ಟೋಪಿ ಹಾಕಿಕೊಂಡು ಎದ್ದರು. ಗಾರ್ಡುಗಳೂ ಊರವರೂ ಹೊಂಗೆ ಸೊಪ್ಪಿನ ಕೊಂಬೆ ಹಿಡಿದು ಬುಡದಲ್ಲಿ ಬೆಂಕಿ ಹೊಲಗಳಿಗೆ ಇಳಿಯದಂತೆ ತಡೆಯಬೇಕು. ಮೇಲೆ ಹೋಗುವವರು ಹೆಚ್ಚು ಬೇಡ ಎಂದರು. "ಹೆಂಗಸರು ಎಲ್ಲಿರಬಹುದು?"

"ಗವಿಯೊಳಗೆ" ಎಂದರು ಚಂದ್ರಶೇಖರಯ್ಯ. ಸಿದ್ದಪ್ಪನ ಪೂಜೆ ಮಾಡುವ ಅಯ್ನೋರು. ಐವತ್ತು ದಾಟಿದ ಸಣಕಲು ಆಳು, ಮಾತು ಕಡಿಮೆ. "ಅಲ್ಲಿ ದೊಣೆ ಇದೆ. ಬಂಡೆ ಸಂದಿಯ ನೀರು, ಬ್ಯಾಸಿಗೇಲೂ ಬತ್ತಲ್ಲ. ದಿನಾ ಹತ್ತೋ ದಾರಿ ನಂದು. ಹೊಗೆಯೊಳಗೂ ಕಾಲಿಗೆ ಗೊತ್ತಾಯ್ತದೆ. ನಾನು ಬತ್ತೀನಿ."

ರೇಂಜರು, ಅಯ್ನೋರು, ಪಾಲಣ್ಣ ಮೂವರು ಹೊರಟರು. ನಾಲ್ವರನ್ನು ಜೀವಂತ ಇಳಿಸಿಕೊಂಡು ಬರುವುದು, ಅಷ್ಟೇ ಕೆಲಸ.

ಬಸರಿ ಮರದ ಕೆಳಗೆ ನಾಲ್ಕು ಜೊತೆ ಎಕ್ಕಡಗಳು ಸಾಲಾಗಿ ಕೂತಿದ್ದವು. ಒಂದರ ಪಟ್ಟಿಗೆ ಹಗ್ಗದ ಹೊಲಿಗೆ. ಇನ್ನೊಂದು ಹೊಸದು, ನಾಗಲಮಡಿಕೆಯಿಂದ ಪಾಲಣ್ಣನೇ ತಂದುಕೊಟ್ಟಿದ್ದು. ಅದನ್ನು ನೋಡುತ್ತ ನಿಂತ ಪಾಲಣ್ಣ, ಅವಸರದಲ್ಲೂ ರೂಢಿಯಂತೆ ತನ್ನ ಎಕ್ಕಡ ಕಳಚಿ ಪಕ್ಕಕ್ಕಿಟ್ಟು ಬೆಟ್ಟಕ್ಕೆ ಕೈಮುಗಿದ.

"ಹಾಕ್ಕೋ" ಎಂದರು ರೇಂಜರು. "ಬೆಂಕಿ ಹಾದ ನೆಲ ಕೆಂಡದ ಹಾಸಿಗೆ. ಈ ನಾಲ್ಕು ಜೊತೆಯೂ ಮೇಲೆ ಹೋಗಬೇಕು. ಬರಿಗಾಲಲ್ಲಿ ಅವರು ಒಂದು ಮಾರು ಕೂಡ ಇಳಿಯಲಾರರು."

ಹಿಂದೆ ಸೊಪ್ಪಿನ ಕೊಂಬೆ ಹಿಡಿದು ಬಂದಿದ್ದ ಜನ ಅಲ್ಲೇ ನಿಂತರು. ಬೊಮ್ಮಣ್ಣ ಅಡ್ಡ ಬಂದ. "ತೊಗಲನ್ನ ಸಿದ್ದಪ್ಪನ ಗವಿಗೆ ಒಯ್ಯೋದಾ? ಈ ಬೂಟಿನ ದೆಸೆಯಿಂದ್ಲೇ ಬೆಂಕಿ ಬಿದ್ದಿರೋದು. ಅಯ್ನೋರೆ, ನೀವಾದ್ರೂ ಹೇಳಿ."

ಹದಿನಾರನೆಯ ವಯಸ್ಸಿನಿಂದ ಅಯ್ನೋರು ಆ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವರು. ಅವರು ಕಣ್ಣು ಮುಚ್ಚಿ ತೆರೆದರು. ಕೊರಳ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿ, ಹೆಗಲ ವಲ್ಲಿಯನ್ನು ನೆಲಕ್ಕೆ ಹಾಸಿದರು. ನಾಲ್ಕು ಜೊತೆಯನ್ನೂ ಅದರ ನಡುವೆ ಇಟ್ಟು ಗಂಟು ಕಟ್ಟಿ ತಲೆಯ ಮೇಲೆ ಹೊತ್ತರು.

"ಸಿದ್ದಪ್ಪ ಕೇಳಿದ್ರೆ ನಾನು ಉತ್ತರ ಹೇಳ್ಕೋತೀನಿ. ಬೊಮ್ಮಣ್ಣ, ನಿನ್ನ ಎಕ್ಕಡ ಬುಡು ಇತ್ತ. ನನ್ನ ಕಾಲಿಗೆ ಆಯ್ತವೆ."

ಬೊಮ್ಮಣ್ಣ ಬಗ್ಗಿ ಕಳಚಿಕೊಟ್ಟ. ಪಾಲಣ್ಣ ತನ್ನದನ್ನು ಮತ್ತೆ ಮೆಟ್ಟಿಕೊಂಡ.

ಮೂಡಲ ಮಗ್ಗುಲ ದಾರಿ ಇನ್ನೂ ಸುಟ್ಟಿರಲಿಲ್ಲ. ಮುತ್ತುಗ ಎಲೆ ಉದುರಿಸಿ ಕೆಂಪು ಹೂ ಹೊತ್ತು ನಿಂತಿತ್ತು. ಬಂಡೆಗಳ ನಡುವೆ ಬಾದೆಹುಲ್ಲು ಹಣ್ಣಾದ ರಾಗಿಯ ಹೊಲದಂತೆ ತೂಗುತ್ತಿತ್ತು. ಬೇರೆ ದಿನವಾಗಿದ್ದರೆ ಅದು ಕಣ್ಣಿಗೆ ಹಬ್ಬ. ಅಂದು ಆ ಚೆಲುವಿನ ಒಂದೊಂದು ಎಳೆಯೂ ಉರಿಯಲು ಕಾದ ಬತ್ತಿಯಂತಿತ್ತು. ಮೇಲಿನಿಂದ ಮೊಲಗಳು ಇಳಿದು ಬಂದವು. ಉಡವೊಂದು ಮನುಷ್ಯರ ಕಾಲ ಸಂದಿಯಲ್ಲೇ ಹಾದುಹೋಯಿತು. ಬೆನ್ನ ಮೇಲೆ ಮರಿ ಕೂರಿಸಿಕೊಂಡ ಕರಡಿಯೊಂದು ಹತ್ತು ಮಾರು ದೂರದಲ್ಲಿ ನಿಂತು ಮೂಸಿ, ಇವರನ್ನು ಲೆಕ್ಕಕ್ಕೇ ತಂದುಕೊಳ್ಳದೆ ಕೆಳಗೆ ಓಡಿತು.

ದೀಪದಲ್ಲಿ ಕೂತಾಗ ಕೈ ಮುಗಿಸಿಕೊಳ್ಳುವ ದೇವರು, ಒಲೆಯಲ್ಲಿ ಕೂತಾಗ ಅನ್ನ ಬೇಯಿಸುವ ದೇವರು, ಅಂದು ಹಸಿದು ಬೀದಿಗೆ ಬಿದ್ದಿದ್ದ. ಅವನ ಸದ್ದು ಮೊದಲು ಕೇಳಿತು. ತುಂಬಿದ ಕೆರೆ ಕೋಡಿ ಬಿದ್ದಂಥ ಮೊರೆತ.

ಗಾಳಿ ತಿರುಗಿತು.

ನೆತ್ತಿಯ ಕೆಳಗಿನ ಹಾಸುಬಂಡೆಗೆ ಅವರು ಬಂದು ಮುಟ್ಟಿದ್ದರಷ್ಟೇ. ಬಂಡೆಯ ಸುತ್ತ ಬಂದ್ರೆ ಗಿಡ, ಒಣಹುಲ್ಲು. ಎದುರಿಗೆ ಆಳೆತ್ತರದ ಉರಿ ಸಾಲು ಹಿಡಿದು ಬರುತ್ತಿತ್ತು.

"ಹಿಂದಕ್ಕೆ ಓಡಾನ" ಎಂದ ಪಾಲಣ್ಣ.

"ಓಡಿದರೆ ಹಿಡಿಯುತ್ತೆ."

ರೇಂಜರು ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದರು. ಬಂಡೆಯ ಅಂಚಿನಲ್ಲಿ ಮಂಡಿಯೂರಿ, ಬರುತ್ತಿದ್ದ ಉರಿಯ ಕಡೆಯ ಹುಲ್ಲಿಗೆ ಕಡ್ಡಿ ಗೀರಿದರು.

ಪಾಲಣ್ಣ ಅವರ ಕೈ ಹಿಡಿದ. "ಏನ್ ಮಾಡ್ತಿದ್ದೀರಾ? ನೀವೇ ಹಚ್ತೀರಾ?"

"ನಾನೇ."

"ಕೇಸು ಯಾರ ಮ್ಯಾಲೆ ಹಾಕ್ತೀರಿ?"

"ಬದುಕಿದರೆ ನೋಡೋಣ. ಬಿಡು ಕೈ."

ದೊಡ್ಡ ಬೆಂಕಿ ಗಾಳಿಯನ್ನು ತನ್ನತ್ತ ಎಳೆದುಕೊಳ್ಳುತ್ತಿತ್ತು. ಸಣ್ಣ ಬೆಂಕಿ ಆ ಸೆಳೆತಕ್ಕೆ ಸಿಕ್ಕಿ ಅದರೆದುರಿಗೇ ಓಡಿತು. ಹಿಂದೆ ಕರಿಯ ನೆಲವೊಂದು ತೆರೆದುಕೊಂಡಿತು.

"ಮಲಗಿ. ಮೂಗು ಕಲ್ಲಿಗೆ."

ಮಲಗಿದರು. ಅಯ್ನೋರು ತಲೆಯ ಗಂಟನ್ನು ಎದೆಯಡಿಗೆ ಎಳೆದುಕೊಂಡರು. ಬೆನ್ನ ಮೇಲೆ ಬಿಸಿ ಹಾಯಿತು. ಕೂದಲು ಕಮರಿದ ವಾಸನೆ. ಉಸಿರು ಇಲ್ಲ. ಎರಡು ಉರಿಗಳೂ ಒಂದನ್ನೊಂದು ಮುಟ್ಟಿದಾಗ ಬೆಟ್ಟವೇ ನರಳಿದಂತಾಯಿತು.

ಆಮೇಲೆ ಎರಡಕ್ಕೂ ತಿನ್ನಲು ಏನೂ ಉಳಿಯಲಿಲ್ಲ. ಬೆಂಕಿ ಎರಡಾಗಿ ಒಡೆದು, ಬಂಡೆಯ ಇಕ್ಕೆಲಗಳಲ್ಲಿ ಹರಿದುಹೋಯಿತು.

ರೇಂಜರ ಎಡಗೈ ಮೊಣಕೈವರೆಗೂ ಬೊಬ್ಬೆ ಎದ್ದಿತ್ತು. ಅವರು ಅದನ್ನು ನೋಡಿಕೊಳ್ಳಲಿಲ್ಲ. ಅಯ್ನೋರು ಆಗಲೇ ಗಂಟು ಹೊತ್ತು ಹೊಗೆಯೊಳಗೆ ಮುಂದೆ ಹೋಗಿದ್ದರು. "ನನ್ನ ಹಿಂದೆ ಬನ್ನಿ. ಇಲ್ಲಿ ಮೆಟ್ಲು. ಇಲ್ಲಿ ಬಗ್ಗಿ." ಮಾತು ಕೇಳಿಸುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ.

ಗವಿಯ ಬಾಯಲ್ಲಿ ಪಾಲಣ್ಣ ಕೂಗಿದ. "ಹೊನ್ನೀ."

ಒಳಗಿನಿಂದ ಕೆಮ್ಮು. ಆಮೇಲೆ ಹೊನ್ನಕ್ಕನ ದನಿ: "ಈಗ ಬಂದ್ಯಾ?"

ಪಾಲಣ್ಣ ಬಗ್ಗಿ ಒಳಗೆ ನುಗ್ಗಿದ.

ನಾಲ್ವರೂ ಇದ್ದರು. ಸೆರಗು ದೊಣೆಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಸಿದ್ದಪ್ಪನ ಗದ್ದುಗೆಗೆ ಒರಗಿದ್ದರು. ಚಿಕ್ಕಕ್ಕ, ಕರಿಬಸಮ್ಮ ಒಬ್ಬರ ಕೈ ಒಬ್ಬರು ಬಿಟ್ಟಿರಲಿಲ್ಲ. ಕದರಮ್ಮ ಮಾತ್ರ ಮಲಗಿದ್ದಳು. ಬೆಂಕಿಯ ಮೊದಲ ಸಾಲು ಹಾದ ಮೇಲೆ ದಾರಿ ನೋಡಿ ಬರುತ್ತೇನೆಂದು ಮುದುಕಿ ಎಲ್ಲರಿಗಿಂತ ಮೊದಲು ಹೊರಗೆ ಕಾಲಿಟ್ಟಿದ್ದಳು. ಬೂದಿಯ ಕೆಳಗೆ ಕೆಂಡವಿತ್ತು. ಅಂಗಾಲು ಎರಡೂ ಸುಲಿದಿದ್ದವು.

"ಅತ್ತೆ, ನೀವ್ಯಾಕೆ ಹೋದ್ರಿ?"

"ಇವು ಬಾಳಿ ಬದುಕಬೇಕಾದ ಮಕ್ಕಳು ಕಣ್ಲಾ. ನಂದೇನು ಕಾಲು."

ನಂದೀಶ್ವರಯ್ಯ ಹೊರಗೆ ಬಗ್ಗಿ ನೋಡಿದರು. ಗವಿಯ ಕೆಳಗಿನ ಬಂದ್ರೆ ಮೆಳೆಗೆ ಬೆಂಕಿ ತಗುಲಿತ್ತು. ಹಸಿರಿದ್ದರೂ ಎಣ್ಣೆಯಂತೆ ಉರಿಯುವ ಗಿಡ. ಅದರ ಹೊಗೆ ನೇರ ಗವಿಗೆ ಬರುತ್ತದೆ. "ಕಾಯುವಂತಿಲ್ಲ. ಈಗಲೇ ಇಳಿಯಬೇಕು."

ಅಯ್ನೋರು ಗಂಟು ಬಿಚ್ಚಿದರು. ಎಕ್ಕಡಗಳನ್ನು ಕಂಡು ಹೆಂಗಸರು ಹಿಂದಕ್ಕೆ ಸರಿದರು. ಸಿದ್ದಪ್ಪನ ಎದುರು ತೊಗಲು. ಕರಿಬಸಮ್ಮ ತಲೆಯಾಡಿಸಿದಳು. "ಬ್ಯಾಡಿ ಅಯ್ನೋರೆ. ಮಕ್ಕಳೊಂದಿಗಳು ನಾನು. ಪಾಪ ಸುತ್ಕೊಳ್ತದೆ."

ಚಂದ್ರಶೇಖರಯ್ಯ ಅವಳೆದುರು ಕುಕ್ಕರುಗಾಲಲ್ಲಿ ಕೂತರು. "ಕಾಲು ಕೊಡವ್ವ."

ಅವಳು ಕೊಡಲಿಲ್ಲ. ಅವರೇ ಅವಳ ಪಾದ ಹಿಡಿದು ಎಕ್ಕಡ ತೊಡಿಸಿದರು. ಪೂಜೆಗೆ ಬಿಲ್ವ ಎತ್ತಿಕೊಡುವಾಗ ಎಷ್ಟು ನಿಧಾನವೋ ಅಷ್ಟೇ ನಿಧಾನ. ಎರಡನೆಯ ಕಾಲನ್ನು ಅವಳಾಗಿ ಚಾಚಿದಳು, ಅಳುತ್ತಿದ್ದಳು. ಉಳಿದಿಬ್ಬರು ತಾವೇ ಹಾಕಿಕೊಂಡರು.

ಕದರಮ್ಮನ ಕಾಲಿಗೆ ಏನೂ ಹಾಕುವಂತಿರಲಿಲ್ಲ. ಅಯ್ನೋರ ವಲ್ಲಿಯನ್ನು ದೊಣೆಯಲ್ಲಿ ಅದ್ದಿ, ಹರಿದು ಸುತ್ತಿ, ಪಾಲಣ್ಣ ಅವಳನ್ನು ಬೆನ್ನಿಗೆ ಹಾಕಿಕೊಂಡ.

ಇಳಿಯುವ ದಾರಿ ಪಡುವಲಿಗೆ, ಸುಟ್ಟ ಮಗ್ಗುಲಲ್ಲಿ. ಉರಿದ ಕಡೆ ಮತ್ತೆ ಉರಿಯುವುದಿಲ್ಲ ಎಂದರು ರೇಂಜರು. ಮುಂದೆ ಅಯ್ನೋರು, ಕೊನೆಗೆ ರೇಂಜರು.

ಬೂದಿ ಕಣಕಾಲು ಮುಚ್ಚುತ್ತಿತ್ತು. ತೊಗಲು ಕಮರಿ ವಾಸನೆ ಬಂತು.

"ನಿಲ್ಲಬೇಡಿ. ನಿಂತರೆ ಸುಡುತ್ತೆ."

ಪಕ್ಕದಲ್ಲಿ ಕಕ್ಕೆ ಮರವೊಂದು ಕರಕಲಾಗಿ ನಿಂತಿದ್ದದ್ದು ಬುಡ ಕಳಚಿ ಬಿತ್ತು. ಕಿಡಿ ಮೇಲೆದ್ದವು. ಚಿಕ್ಕಕ್ಕ ಜಾರಿದಳು. ರೇಂಜರು ಬೊಬ್ಬೆಯ ಕೈಯಲ್ಲೇ ಅವಳ ರಟ್ಟೆ ಹಿಡಿದೆತ್ತಿದರು; ಹಲ್ಲು ಕಚ್ಚಿದ ಸದ್ದು ಮುಂದಿದ್ದ ಹೊನ್ನಕ್ಕನಿಗೂ ಕೇಳಿಸಿತು.

ಪಾಲಣ್ಣನ ಬೆನ್ನ ಮೇಲಿನಿಂದ ಮುದುಕಿ ಹೇಳಿದಳು, "ಭಾರ ಆದ್ರೆ ಇಳ್ಸಿಬುಡಪ್ಪ."

"ಸುಮ್ಕಿರಿ ಅತ್ತೆ. ಮದುವೇಲಿ ನಿಮ್ಮ ಮಗಳು ಇದಕ್ಕಿಂತ ಭಾರ ಇದ್ಲು."

"ಕೆಳಗೆ ಬುಡ ಮುಟ್ಲಿ, ಆಮೇಲೆ ಐತೆ ನಿನಗೆ" ಎಂದಳು ಹೊನ್ನಕ್ಕ. ಗವಿ ಬಿಟ್ಟ ಮೇಲೆ ಅವಳ ಮೊದಲ ಮಾತು ಅದು. ಮೊಲಗಳು ಓಡುತ್ತಿದ್ದಲ್ಲೇ ಕರಕಲಾಗಿ ಬಿದ್ದಿದ್ದ ಕಡೆ ಬಂದಾಗ ಎಲ್ಲರೂ ಅವನ್ನು ಬಳಸಿಕೊಂಡು ನಡೆದರು.

ಬುಡ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಜನ ಓಡಿಬಂದರು, ನೀರು ಬಂತು. ನೀರಿನ ಹಿಂದೆಯೇ ಪ್ರಶ್ನೆಯೂ ಬಂತು. "ನೀವೇನಾದ್ರೂ ಒಲೆ ಹಚ್ಚಿದ್ರಾ? ಎಲೆಯಡಿಕೆ ಹಾಕೋ ಕದರಮ್ಮ ಬೀಡಿ ಗೀಡಿ..." ಗಾರ್ಡು ಒಬ್ಬ ಊರಿನ ಕುರಿಯವರತ್ತ ನೋಡಿದ. ಕುರಿಯವರು ಗಾರ್ಡಿನತ್ತ ನೋಡಿದರು.

"ಪಡುವಲಲ್ಲಿ ಹೊಗೆ ಕಂಡ್ವಿ, ಓಡಿದ್ವಿ" ಎಂದಳು ಹೊನ್ನಕ್ಕ. "ಯಾರೋ ಕಾಣೆ."

ಬೊಮ್ಮಣ್ಣ ಅಯ್ನೋರ ಹತ್ತಿರ ಬಂದ. ದನಿ ತಗ್ಗಿತ್ತು. "ಗವಿ ಮೈಲಿಗೆ ಆಯ್ತಲ್ಲ ಸ್ವಾಮಿ."

"ತೊಳೀತೀನಿ. ದೊಣೇಲಿ ನೀರೈತೆ." ಅಯ್ನೋರು ಬಸರಿಯ ಬೇರಿನ ಮೇಲೆ ಕೂತರು. "ಮುದುಕಿ ಕಾಲಿಗೆ ಏನು ಹಚ್ತೀಯೋ ಅದನ್ನ ನೋಡು ಮೊದ್ಲು."

ಬೊಮ್ಮಣ್ಣ ಲೋಳೆಸರ ತರಲು ಒಬ್ಬ ಹುಡುಗನನ್ನು ಓಡಿಸಿದ. ಮೂಡಲ ಮಗ್ಗುಲು ಇನ್ನೂ ಉರಿಯುತ್ತಿತ್ತು. ಅದರಾಚೆ ಮಧುಗಿರಿಯ ಕಡೆಯ ಹಳ್ಳಿಗಳು. ರೇಂಜರು ಕೈಗೆ ಬಟ್ಟೆ ಸುತ್ತಿಸಿಕೊಂಡು ಒಂದು ಹೊಂಗೆ ಕೊಂಬೆ ಎತ್ತಿಕೊಂಡಿದ್ದರು. "ಬರುವವರು ಬನ್ನಿ" ಎಂದು ಹೇಳಿ ಹೊರಟರು. ಹಿಂದೆ ತಿರುಗಿ ನೋಡಲಿಲ್ಲ.

ಮೊದಲು ಪಾಲಣ್ಣ ಹೋದ. ಆಮೇಲೆ ಬೊಮ್ಮಣ್ಣ, ಬರಿಗಾಲಲ್ಲಿ. "ಏ ಮುದಿಯಾ, ಕಾಲು ನೋಡ್ಕೋ" ಎಂದು ಯಾರೋ ತಮ್ಮ ಎಕ್ಕಡ ಅವನತ್ತ ಎಸೆದರು. ಅವನು ಹಾಕಿಕೊಂಡ. ಆಮೇಲೆ ಉಳಿದವರೆಲ್ಲ ಹೋದರು.

ಮರುದಿನ ಬೆಳಿಗ್ಗೆ ತಾಲ್ಲೂಕಿನ ಅಮಲ್ದಾರರು ವಿಚಾರಣೆಗೆಂದು ಕುದುರೆ ಗಾಡಿಯಲ್ಲಿ ಬಂದಾಗ ಊರಿನಲ್ಲಿ ಗಂಡಸರಿರಲಿಲ್ಲ. ಚಾವಡಿಯ ಪಕ್ಕದ ಜಗಲಿಯಲ್ಲಿ ಕದರಮ್ಮ ಒಬ್ಬಳೇ, ಎರಡೂ ಕಾಲಿಗೆ ಲೋಳೆಸರ ಹಚ್ಚಿ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ನೋವಿಗೆ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ.

"ಬೆಟ್ಟಕ್ಕೆ ಬೆಂಕಿ ಹಚ್ಚಿದವರು ಯಾರಮ್ಮ?"

"ಹಚ್ಚಿದೋರು ಕಾಣೆ ಸ್ವಾಮಿ. ಆರ್ಸೋರು ಮೇಲವ್ರೆ. ಕೂತ್ಕೊಳಿ, ಬತ್ತಾರೆ."

ಅಮಲ್ದಾರರು ಬೆಟ್ಟದತ್ತ ನೋಡಿದರು. ಅದು ಬುಡದಿಂದ ನೆತ್ತಿಯವರೆಗೆ ಕರ್ರಗಿತ್ತು. ಹೊಗೆ ಎಲ್ಲೂ ಏಳುತ್ತಿರಲಿಲ್ಲ. ಅವರು ಮುದುಕಿಯ ಪಕ್ಕ ಜಗಲಿಯ ಮೇಲೇ ಕೂತರು.

ಬಿಸಿಲೇರುವಾಗ ದಾರಿಯ ತಿರುವಿನಲ್ಲಿ ಜನ ಕಂಡರು. ಸಾಲಿಲ್ಲ, ಎಲ್ಲರ ಮುಖವೂ ಮಸಿ. ಹೊನ್ನಕ್ಕ ಬಾಗಿಲಿಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಳು. ಹೆಗಲು ಒಂದು ಕಡೆ ಓರೆ ಮಾಡಿ ನಡೆಯುವವನು ಊರಿಗೆಲ್ಲ ಪಾಲಣ್ಣ ಒಬ್ಬನೇ. ಅವನು ಆ ಗುಂಪಿನ ನಡುವೆ ಇದ್ದ.

ಅವಳು ಒಳಗೆ ಹೋಗಿ ಅಂಬಲಿಯ ದೊಡ್ಡ ಮಡಕೆಯನ್ನು ಒಲೆಯಿಂದ ಇಳಿಸಿದಳು. ಊರಿಗೆಲ್ಲ ಆಗುವಷ್ಟು ಕಾಯಿಸಿದ್ದಳು. ರೇಂಜರಿಗೆಂದು ಮಜ್ಜಿಗೆಯನ್ನು ಬೇರೆ ಎತ್ತಿಟ್ಟಿದ್ದಳು.