ನಾಲ್ಕು ಸೆಕೆಂಡು

ದೇವರ ಹಾಡನ್ನು ಫ್ಯಾನಿನ ಸದ್ದು ಎಂದು ತೀರ್ಮಾನಿಸಿದವಳು ನಾನೇ. ಬೇರೆ ಯಾರ ಮೇಲೂ ಗೂಬೆ ಕೂರಿಸುವಂತಿಲ್ಲ.

ಟೋಕಿಯೋದ ಒಂದು ಸಣ್ಣ ಕಂಪನಿಯಲ್ಲಿ ನಾವು ವಿಡಿಯೋ ಕಾಲ್ ಆ್ಯಪ್ ಮಾಡುತ್ತೇವೆ. ಮಾತಿನ ನಡುವೆ ನುಗ್ಗುವ ಗದ್ದಲವನ್ನು ಅಳಿಸುವುದು ನನ್ನ ಕೆಲಸ. ಏರಿಳಿತವಿಲ್ಲದೆ ನಾಲ್ಕು ಸೆಕೆಂಡು ಕೇಳಿಸಿದ ಯಾವ ಸದ್ದನ್ನಾದರೂ ನನ್ನ ಫಿಲ್ಟರ್ ಫ್ಯಾನ್, ಮಿಕ್ಸಿ ಅಥವಾ ವ್ಯಾಕ್ಯೂಮ್ ಕ್ಲೀನರ್ ಎಂದು ಬಗೆದು ಬಾಯಿ ಮುಚ್ಚಿಸುತ್ತದೆ. ಒಂದೇ ಅಕ್ಷರವನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿದು ಕೂರುವ ಮನುಷ್ಯ ನನಗೆ ಗೊತ್ತಿರಲಿಲ್ಲ. ಅಮ್ಮನ ಫೋನ್ ಕಾಲ್‌ಗಳ ಮೇಲೆ ಪರೀಕ್ಷೆ ಮಾಡಿದ್ದೆ. ಅಮ್ಮ ಅರ್ಧ ಸೆಕೆಂಡೂ ಬಿಡುವು ಕೊಡುವವಳಲ್ಲ. ಫಿಲ್ಟರ್ ಪಾಸಾಯಿತು.

ನವೆಂಬರ್ ಕೊನೆಯಲ್ಲಿ ಕ್ಯೋಟೋದಿಂದ ಇಂಗ್ಲಿಷಿನಲ್ಲಿ ಒಂದು ದೂರು ಬಂತು. ನಿಮ್ಮ ಆ್ಯಪ್ ನಮ್ಮ ಗಾಯಕನ ದನಿ ನುಂಗುತ್ತಿದೆ ಎಂದಿತ್ತು. ಕೋಣೆಯ ಫ್ಯಾನ್ ಆಫ್ ಮಾಡಿ ನೋಡಿ ಎಂಬ ಮಾಮೂಲಿ ಉತ್ತರ ಕಳಿಸಿದೆ. ಎರಡನೆಯ ದೂರಿಗೂ ಅದನ್ನೇ ಕಳಿಸಿದೆ. ಮೂರನೆಯದು ಚುಟುಕಾಗಿತ್ತು: ಇಲ್ಲಿ ಐದು ಡಿಗ್ರಿ ಚಳಿ, ಫ್ಯಾನ್ ಇಲ್ಲ, ದಯವಿಟ್ಟು ಯಾರಾದರೂ ಮನುಷ್ಯರ ಜೊತೆ ಮಾತಾಡಿಸಿ.

ಬೇರೆ ದಾರಿಯಿಲ್ಲದೆ ಕಾಲ್ ಮಾಡಿದೆ. ಮೈಕ್ ಆಫ್ ಇದೆ ಎಂಬ ಧೈರ್ಯದಲ್ಲಿ ಗೊಣಗಿಕೊಂಡೆ. "ಯಾವನಪ್ಪಾ ಇವನು, ಬೆಳಬೆಳಗ್ಗೆ ತಲೆ ತಿನ್ನೋಕೆ."

"ಗಿರಿಧರ್ ಅಂತ," ಆ ಕಡೆಯಿಂದ ಶಾಂತವಾದ ದನಿ ಬಂತು. "ಮೈಸೂರು, ಸರಸ್ವತಿಪುರಂ. ತಲೆ ತಿಂದಿದ್ದಕ್ಕೆ ಸುಮಿಮಾಸೆನ್."

ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಎರಡು ನಿಮಿಷ ಬಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಮತ್ತೆ ತೆರೆದೆ.

"ಕಾತ್ಯಾಯಿನಿ. ಬೆಂಗಳೂರು, ರಾಜಾಜಿನಗರ. ಈಗ ಏನು ಪ್ರಾಬ್ಲಮ್ ಹೇಳಿ."

ಅವನು ನಿಧಾನವಾಗಿ ಹೇಳಿದ. ಎಲ್ಲವನ್ನೂ ನಿಧಾನವಾಗಿ ಹೇಳುವವನು ಎಂದು ಆಮೇಲೆ ಗೊತ್ತಾಯಿತು. ಕ್ಯೋಟೋದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಈಜಿಪ್ಟಿನ ಪುರಾತನ ಕ್ರೈಸ್ತರಾದ ಕಾಪ್ಟರ ಚರ್ಚಿನ ಹಾಡುಗಳು ಬಾಯಿಂದ ಬಾಯಿಗೆ ಹೇಗೆ ದಾಟುತ್ತವೆ ಎಂಬುದು ಅವನ ವಿಷಯ. ಕಲಿಸುವ ಗಾಯಕನಿಗೆ ಮುಅಲ್ಲಿಮ್ ಎನ್ನುತ್ತಾರೆ, ಗುರು ಎಂದರ್ಥ. ಮಿನ್ಯಾ ಎಂಬ ಊರಿನಲ್ಲಿ ತದ್ರಸ್ ಎಂಬ ಎಂಬತ್ತೊಂದರ ಮುಅಲ್ಲಿಮ್ ಇದ್ದಾರೆ. ಹುಟ್ಟುಕುರುಡು. ಗುಡ್ ಫ್ರೈಡೇ ದಿನ ಹಾಡುವ ಒಂದು ಹಾಡು ಅವರ ಗುರು ಕಲಿಸಿದ ಧಾಟಿಯಲ್ಲಿ ಈಗ ಉಳಿದಿರುವುದು ಅವರೊಬ್ಬರ ಗಂಟಲಿನಲ್ಲಿ. ಕ್ಯೋಟೋದಲ್ಲಿ ಹತ್ತು ಕಾಪ್ಟಿಕ್ ಕುಟುಂಬಗಳು ಬಾಡಿಗೆ ಹಾಲ್‌ನಲ್ಲಿ ಸೇರುತ್ತವೆ. ಅವರಲ್ಲಿ ಮೀನಾ ಎಂಬೊಬ್ಬರು ಅದನ್ನು ಪ್ರತಿ ಶನಿವಾರ ನಮ್ಮ ಆ್ಯಪ್‌ನಲ್ಲಿ ಕಲಿಯುತ್ತಿದ್ದಾರೆ.

"ಒಂದು ಸಾಲು ಸರಿಯಾಗೋವರೆಗೂ ಮುಅಲ್ಲಿಮ್ ಮುಂದಿನ ಸಾಲು ಕೊಡಲ್ಲ. ಮೂರು ತಿಂಗಳಿಂದ ಮೊದಲನೇ ಸಾಲಲ್ಲೇ ಇದೀವಿ. ಮೀನಾ ಒಂದು 'ಆ' ಹಿಡಿದರೆ ಹನ್ನೊಂದು ಸೆಕೆಂಡು. ಅವರಿಗೆ ನಾಲ್ಕು ಸೆಕೆಂಡ್ ಅಷ್ಟೇ ಕೇಳ್ಸತ್ತೆ. ಉಸಿರು ಸಾಲದು, ಮತ್ತೆ ಹಾಡು ಅಂತಾರೆ."

"ಮೂರು ತಿಂಗಳು ಸುಮ್ನೆ ಹಾಡಿದ್ರಾ? ಕೇಳ್ಸತ್ತಾ ಇಲ್ವಾ ಅಂತ ಒಂದು ಮಾತು ಕೇಳ್ಬಾರ್ದಾ?"

"ಗುರುಗಳನ್ನ ಹಾಗೆಲ್ಲ ಕೇಳಲ್ವಂತೆ. ತಪ್ಪು ತಮ್ಮದೇ ಅಂದ್ಕೋತಾರೆ. ಕೊನೆಗೆ ಮುಅಲ್ಲಿಮ್ ಮೊಮ್ಮಗಳು, ಯಾಕೆ ಅರ್ಧಕ್ಕೇ ನಿಲ್ಲಿಸ್ತೀರಾ ಅಂತ ನನಗೆ ಮೆಸೇಜ್ ಮಾಡಿದ್ಲು." ಆಮೇಲೆ ಕೇಳಿದ. "ಅಲ್ಲ, ನೀವು ಕರ್ನಾಟಕದವರು. ಆಲಾಪನೆ ಕೇಳೇ ಇಲ್ವಾ?"

"ಸಂಗೀತದ ಕ್ಲಾಸಿಂದ ಮೂರನೇ ವಾರ ಓಡಿಬಂದೋಳು ನಾನು."

"ಅದಕ್ಕೇ ಸೇಡು ತೀರಿಸ್ಕೊಂಡಿದೀರ."

ನಗು ಬಂತು. ಸಿಟ್ಟೂ ಬಂತು. ಅವನ ವಿಷಯದಲ್ಲಿ ನನಗೆ ಇವೆರಡೂ ಯಾವಾಗಲೂ ಒಟ್ಟಿಗೇ ಬಂದವು.

ನಮ್ಮ ಬಾಸ್ ಮೊರಿಶಿತಾ ಸಾನ್ ಹತ್ತಿರ ಹೋಗಿ, ಫಿಲ್ಟರ್ ಆಫ್ ಮಾಡುವ ಒಂದು ಸ್ವಿಚ್ ಕೊಡೋಣ ಎಂದೆ. ಅವರು ಹಲ್ಲುಗಳ ನಡುವೆ ಉಸಿರೆಳೆದುಕೊಂಡು "ಮುಜುಕಾಶಿ ದೆಸು ನೇ" ಎಂದರು. ಕಷ್ಟ ಎಂದರೆ ಇಲ್ಲಿ ಆಗುವುದಿಲ್ಲ ಎಂದೇ ಅರ್ಥ. ಬೇರೆ ಆ್ಯಪ್ ಬಳಸಿ ಎಂದು ಗಿರಿಧರನಿಗೆ ಹೇಳಿದರೆ, ಮೊಮ್ಮಗಳು ಮದುವೆಯಾಗಿ ಹೋದಳು, ಈಗ ಮುಅಲ್ಲಿಮ್ ಮನೆಯಲ್ಲಿರುವ ಅಜ್ಜಿಗೆ ಇದೊಂದನ್ನು ಒತ್ತಲು ಕಲಿಸುವುದರಲ್ಲೇ ಸಾಕುಸಾಕಾಯಿತು ಎಂದ. ಎಲ್ಲ ಕಡೆಯೂ ಗೋಡೆ.

ಅಲ್ಲಿಂದ ಪ್ರತಿ ಭಾನುವಾರ ಅವನು ನಮ್ಮ ಆ್ಯಪ್‌ನಲ್ಲೇ ಕಾಲ್ ಮಾಡತೊಡಗಿದ. ಹೆಸರಿಗೆ ಬಗ್ ವಿಚಾರ. ವಿಡಿಯೋ ಹಾಕುತ್ತಿರಲಿಲ್ಲ, ಅವನ ರೂಮಿನ ಇಂಟರ್‌ನೆಟ್ ಅಷ್ಟಕ್ಕಷ್ಟೇ. ಮೂರು ವಾರ ಬಾಯಿ ತೆರೆದರೆ ಮೀನಾ ಹೀಗೆ ಹಾಡಿದರು, ಮೀನಾ ಹಾಗಂದರು. ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ. ಕೊನೆಗೆ ತಡೆಯಲಾರದೆ, "ಆಕೆ ನೋಡೋಕೆ ಹೇಗಿದಾರೆ?" ಎಂದೆ.

"ಆರಡಿ. ಗಡ್ಡ ಇದೆ. ಇಬ್ಬರು ಮಕ್ಕಳು. ಯಾಕೆ?"

"ಸುಮ್ನೆ," ಎಂದು ದಿಂಬಿಗೆ ಮುಖ ಒತ್ತಿಕೊಂಡೆ.

ಡಿಸೆಂಬರಿನ ಒಂದು ಭಾನುವಾರ, ಟೋಕಿಯೋದಲ್ಲಿ ನಮ್ಮವರು ಹೆಚ್ಚಿರುವ ನಿಶಿ ಕಸಾಯಿ ಬಡಾವಣೆಯ ಅಂಗಡಿಯಿಂದ ಮೆಂತ್ಯಸೊಪ್ಪು ತಂದು ಬಿಡಿಸುತ್ತಾ ಕೂತಿದ್ದೆ. ಥೀಸಿಸ್ ಮುಗಿದರೆ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಕೆಲಸ ಸಿಗುತ್ತದೆ ಎಂದು ಅವನು ಹೇಳಿದ. ಸೊಪ್ಪು ಕೈಯಲ್ಲೇ ಉಳಿಯಿತು.

"ಇಲ್ಲೇ ಇರೋಕೆ ಏನೂ ಕಾರಣ ಇಲ್ವಾ?" ಎಂದೆ. ಎಷ್ಟು ಧೈರ್ಯ ಬೇಕಾಯಿತೆಂದು ನನಗೇ ಗೊತ್ತು.

"ಮ್ಮ್..." ಎಂದ. ಆಮೇಲೆ ಸದ್ದೇ ಇಲ್ಲ.

ಬಾವಿಗೆ ಕಲ್ಲು ಹಾಕಿ ಕಿವಿ ಕೊಟ್ಟವಳಂತೆ ಒಂದು ಕ್ಷಣ ಕಾದೆ. ಮಾನ ಹೋದಂತಾಯಿತು. "ಬಿಡಿ, ಬಾಯಿಮಾತಿಗೆ ಕೇಳ್ದೆ. ಅಂದಹಾಗೆ ಬಗ್ ರಿಪೋರ್ಟ್..." ಎಂದು ಮಾತು ಹೊರಳಿಸಿದೆ. ಜನವರಿಯಲ್ಲೂ ಒಮ್ಮೆ ಸುತ್ತಿ ಬಳಸಿ ಕೇಳಿದೆ. ಮತ್ತೆ ಅದೇ "ಮ್ಮ್...", ಮತ್ತೆ ಅದೇ ಮೌನ. ಇಂಥ ಮೌನವ್ರತದವನನ್ನು ಪ್ರೀತಿಸಿದ್ದೇನಲ್ಲ ಎಂದು ಆ ರಾತ್ರಿ ನನ್ನ ಮೇಲೆ ನನಗೇ ರೇಗಿತು. ಹೌದು, ಪ್ರೀತಿಯೇ.

ಜನವರಿ ಕೊನೆಯಲ್ಲಿ ಅವನು ಕಾಲ್ ಮಾಡಿದಾಗ ದನಿ ಕುಣಿಯುತ್ತಿತ್ತು. "ಒಪ್ಪಿದ್ರು ಕಣ್ರೀ! ಮುಅಲ್ಲಿಮ್ ಮೊದಲನೇ ಸಾಲು ಒಪ್ಪಿದ್ರು! ಆ ಉದ್ದದ 'ಆ' ನಡುನಡುವೆ ಒಂದು ಸಣ್ಣ ನಡುಕ ಇದೆ. ಅದು ಬಂದ ತಕ್ಷಣ, ಹಾಂ, ಸರಿ ಅಂದ್ರು. ಮಿನ್ಯಾ ಧಾಟಿಯ ಗುಟ್ಟೇ ಅದು. ನನ್ನ ಕೊನೇ ಅಧ್ಯಾಯ ಸಿಕ್ತು!"

ನಾನೂ ಕುಣಿದೆ. ಅವನು ಬೇಗ ಮುಗಿಸಿ ಬೇಗ ಹೊರಡುತ್ತಾನೆ ಎಂದು ನೆನಪಾಗಿ ಕೂತೆ.

ಆಫೀಸಿನಲ್ಲಿ ಯಾರಿಗೂ ಹೇಳದೆ, ರಜೆಯ ದಿನಗಳಲ್ಲಿ ಕೂತು, ನನ್ನ ಲ್ಯಾಪ್‌ಟಾಪಿಗೆ ಮಾತ್ರ ಆ ಸ್ವಿಚ್ ಬರೆದೆ. ಹಾಡಿನ ಉಳಿದ ಸಾಲುಗಳಾದರೂ ಪೂರ್ತಿಯಾಗಿ ದಾಟಲಿ ಎಂದು. ನಿಜ ಹೇಳಬೇಕೆಂದರೆ, ಅವನನ್ನು ಒಮ್ಮೆ ಕಣ್ಣಾರೆ ನೋಡಲು ಒಂದು ನೆಪ ಬೇಕಿತ್ತು.

ಮಾರ್ಚಿನ ಒಂದು ಶನಿವಾರ ಕ್ಯೋಟೋಗೆ ಹೋದೆ. ಬಸ್‌ಸ್ಟಾಪಿನಲ್ಲಿ ಸೈಕಲ್ ಹಿಡಿದು ನಿಂತಿದ್ದ. ನಾನಂದುಕೊಂಡಿದ್ದಕ್ಕಿಂತ ಉದ್ದ, ಸಣಕಲು. ನನ್ನನ್ನು ನೋಡಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಏನು, ಕ್ಲಿಯರ್ ಇಲ್ವಾ ಪಿಕ್ಚರ್?"

"ತುಂಬಾ ಕ್ಲಿಯರ್ ಇದೆ. ಅದೇ ಪ್ರಾಬ್ಲಮ್," ಎಂದು ಸೈಕಲ್ ತಳ್ಳುತ್ತಾ ಮುಂದೆ ನಡೆದ. ಅವನ ಕಿವಿ ಕೆಂಪಾಗಿತ್ತು. ಚಳಿಗೆ ಇರಬಹುದು.

ಹಾಲ್‌ನ ಬಾಗಿಲಲ್ಲಿ ಶೂ ಬಿಚ್ಚಿದೆವು. ಅತಿಥಿಗಳಿಗೆಂದು ಇಟ್ಟಿದ್ದ ಒಳಚಪ್ಪಲಿಗಳೆಲ್ಲ ನನ್ನ ಕಾಲಿಗೆ ದೊಡ್ಡವು. ಎರಡು ಹೆಜ್ಜೆಗೆ ಒಂದು ಜಾರಿಹೋಯಿತು. ಅವನು ಅದನ್ನು ತನ್ನ ಕಾಲಿನಿಂದ ಮೆಲ್ಲಗೆ ನನ್ನ ಕಡೆಗೆ ತಳ್ಳಿದ. ಮೂರು ಸಲ ಜಾರಿತು, ಮೂರು ಸಲವೂ ತಳ್ಳಿದ. ನಾಲ್ಕನೆಯ ಸಲ ನಾನೇ ಬೇಕೆಂದು ಜಾರಿಸಿದೆ.

ಪಾಠಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಆರಡಿಯ ಮೀನಾ ಕಣ್ಮುಚ್ಚಿ ಅಭ್ಯಾಸ ಶುರುಮಾಡಿದ. ಇಡೀ ಹಾಲ್ ಆ ದನಿಯಿಂದ ತುಂಬಿತು. ಗಿರಿಧರ ನನ್ನ ಕಡೆ ಬಾಗಿ, "ಈಗ ನೋಡಿ, ಬರುತ್ತೆ ನಡುಕ," ಎಂದು ಪಿಸುಗುಟ್ಟಿದ.

ಬಂತು. ಸ್ವಲ್ಪ ಬಿಟ್ಟು ಇನ್ನೊಂದು ಬಂತು. ಸುಮ್ಮನೆ ಕೇಳಿ ನನಗೆ ಅಭ್ಯಾಸವಿಲ್ಲ, ಮನಸ್ಸು ತಾನೇ ಎಣಿಸುತ್ತಿತ್ತು. ಒಂದು, ಎರಡು, ಮೂರು, ನಡುಕ. ಒಂದು, ಎರಡು, ಮೂರು, ನಡುಕ. ನಾಲ್ಕು ತುಂಬುವ ಮೊದಲೇ, ಪ್ರತಿ ಸಲವೂ.

ಆ ಸಂಖ್ಯೆ ನನ್ನದು. ದನಿ ಒಂದಿಷ್ಟು ಅಲುಗಿದರೆ ನನ್ನ ಫಿಲ್ಟರ್ ಅದನ್ನು ಮನುಷ್ಯನ ಮಾತೆಂದು ತಿಳಿದು ಮತ್ತೆ ಮೊದಲಿನಿಂದ ಎಣಿಸುತ್ತದೆ. ಬೈಸಿಕೊಂಡು ಬೈಸಿಕೊಂಡು, ಹೇಗೆ ಹಾಡಿದರೆ ಗುರುಗಳಿಗೆ ಕೊನೆಯವರೆಗೆ ಕೇಳಿಸುತ್ತದೆ ಎಂಬುದನ್ನು ಮೀನಾನ ಗಂಟಲು ತನಗೇ ತಿಳಿಯದೆ ಕಲಿತುಬಿಟ್ಟಿತ್ತು. ಗಿರಿಧರ ಕೊನೆಯ ಅಧ್ಯಾಯ ಬರೆದದ್ದು ನನ್ನ ಬಗ್ ಮೇಲೆ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವನಿಗೆ ಡಾಕ್ಟರೇಟ್, ಮೈಸೂರಿನ ಕೆಲಸ. ಹೇಳಿದರೆ ಎರಡೂ ಹೋಗುತ್ತವೆ, ಅವನೂ ನನ್ನ ಮುಖ ನೋಡುವುದಿಲ್ಲ. ಪಕ್ಕದಲ್ಲಿ ಅವನು ಕಣ್ಣರಳಿಸಿ ಕೇಳುತ್ತಿದ್ದ. ಯಾರಾದರೂ ಅಷ್ಟು ಸಂತೋಷವಾಗಿರುವಾಗ ಬಾಯಿ ತೆರೆಯುವುದು ಎಷ್ಟು ಕಷ್ಟ.

"ಗಿರಿಧರ್, ಒಂದ್ನಿಮಿಷ ಹೊರಗೆ ಬನ್ನಿ."

ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ಒಂದೇ ಉಸಿರಿಗೆ ಹೇಳಿದೆ. "ಆ ನಡುಕ ಮಿನ್ಯಾದ್ದಲ್ಲ. ನನ್ನದು." ಉಳಿದದ್ದನ್ನೂ ಹೇಳಿದೆ.

"ಮ್ಮ್..." ಎಂದ. ನೆಲ ನೋಡುತ್ತಾ, ತುಟಿ ಬಿಗಿಹಿಡಿದು, ಆ 'ಮ್ಮ್' ಸದ್ದು ಹಾಗೇ ಮುಂದುವರಿಯಿತು. ನಾಲ್ಕು, ಐದು, ಆರು, ಏಳು. ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಏನೋ ಒಂದು ಮನಸ್ಸಿನ ಅಂಚಿಗೆ ಬಂದು ನಿಂತಿತು, ಆದರೆ ಅಷ್ಟರಲ್ಲಿ ಅವನು ಮಾತಾಡಿದ.

"ನಲವತ್ತು ಪುಟ ಬರ್ದಿದೀನಿ."

"ಗೊತ್ತು."

"ಸೋಮವಾರ ಸಬ್ಮಿಟ್ ಮಾಡ್ಬೇಕು."

"ಗೊತ್ತು ಅಂದ್ನಲ್ಲ! ಸುಮ್ನಿದ್ದಿದ್ರೆ ನನಗೂ ಸುಲಭ ಇತ್ತು!"

ಅವನು ಸಿಟ್ಟಿನಿಂದ ತನ್ನ ಸೈಕಲ್‌ಗೆ ಒದ್ದ. ಅದು ಪಕ್ಕದ್ದರ ಮೇಲೆ, ಅದು ಅದರ ಪಕ್ಕದ್ದರ ಮೇಲೆ, ಒಟ್ಟು ಆರು ಸೈಕಲ್ ದಡಬಡ ಬಿದ್ದವು. ಎದುರುಮನೆಯ ಅಜ್ಜಿ ಕಿಟಕಿಯಿಂದ ಇಣುಕಿದರು. ಇಬ್ಬರೂ ನಡು ಬಗ್ಗಿಸಿ ಸುಮಿಮಾಸೆನ್ ಎಂದು, ಒಂದೊಂದನ್ನೇ ಎತ್ತಿ ನಿಲ್ಲಿಸಿದೆವು. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ಕೊನೆಯ ಸೈಕಲ್ ನಿಲ್ಲಿಸಿ, "ನಡೀರಿ, ಪಾಠಕ್ಕೆ ಹೊತ್ತಾಯ್ತು. ಮೀನಾಗೆ ನಾನೇ ಹೇಳ್ತೀನಿ," ಎಂದ.

ನನ್ನ ಲ್ಯಾಪ್‌ಟಾಪಿನಲ್ಲಿ ಪಾಠದ ಕಾಲ್ ತೆರೆದು, ಸ್ವಿಚ್ ಒತ್ತಿ, ಹೋಗುವ ಬರುವ ಎರಡೂ ದನಿಗೆ ಫಿಲ್ಟರ್ ಆಫ್ ಮಾಡಿದೆ. ಮಿನ್ಯಾದಲ್ಲಿ ಬೆಳಗಿನ ಒಂಬತ್ತು. ಪರದೆಯಲ್ಲಿ ಹೆಗಲ ಮೇಲೆ ಶಾಲು ಹೊದ್ದ ಮುದುಕರು, ಮುಅಲ್ಲಿಮ್ ತದ್ರಸ್. ಅವರ ಕೋಣೆಯ ಫ್ರಿಜ್ಜಿನ ಗುಂಯ್, ಬೀದಿಯ ಪಂಪ್‌ಸೆಟ್ಟು, ಮನೆಯ ಅಜ್ಜಿಯ ಒಲೆಯ ಭುಸುಗುಟ್ಟುವಿಕೆ ಎಲ್ಲವೂ ಮೊದಲ ಸಲ ಇತ್ತ ಹರಿದುಬಂದವು. ಗಿರಿಧರ ಅರಬ್ಬಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಮುಅಲ್ಲಿಮ್ ಹಣೆ ಚಚ್ಚಿಕೊಂಡು ಏನೋ ಅಂದರು.

"ಏನಂತೆ?"

"ಆ ನಡುಕ ಯಂತ್ರದ್ದು, ಹುಡುಗನದಲ್ಲ ಅಂದ್ಕೊಂಡಿದ್ರಂತೆ. ಅದಕ್ಕೇ ಮಾಫಿ ಮಾಡಿದ್ರಂತೆ."

ಮೀನಾ ಹಾಡಿದ. ಎರಡು ಸಲ ನಡುಕ ತಾನಾಗಿ ನುಸುಳಿತು. ಮೂರನೆಯ ಸಲ, ನೆತ್ತಿಯಲ್ಲಿ ಬೆವರು ಬಿಟ್ಟು, ನೇರವಾಗಿ ಹಿಡಿದ. ಹನ್ನೊಂದು ಸೆಕೆಂಡು. ಮುದುಕರು ಕಿವಿಗೆ ಕೈಯಾನಿಸಿ ಕೊನೆಯವರೆಗೂ ಕೇಳಿದರು. ಆಮೇಲೆ ತುಂಬ ಮೆತ್ತಗೆ ಮಾತಾಡಿದರು. ಮೀನಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಗಿರಿಧರ ನನಗೆ ಕನ್ನಡದಲ್ಲಿ ಹೇಳಿದ. "ಇಷ್ಟು ಉದ್ದದ ಉಸಿರಿತ್ತಾ ಮಗನೇ, ಸುಮ್ಮಸುಮ್ಮನೆ ಬೈದೆನಲ್ಲ ಅಂದ್ರು. ಈ ಗುಡ್ ಫ್ರೈಡೇಗೆ ಆಗಲ್ಲ, ಮುಂದಿನ ವರ್ಷಕ್ಕೆ. ಅಲ್ಲಿವರೆಗೆ ನಾನು ಕಾಯ್ತೀನಿ, ಮೊದಲಿನಿಂದ ಶುರುಮಾಡು ಅಂದ್ರು."

ಪಾಠ ಮುಗಿದಾಗ ಸಂಜೆಯಾಗಿತ್ತು. ಹೊರಗಿನ ಮೆಟ್ಟಿಲ ಮೇಲೆ ಕೂತೆ. ಅವನು ಎತ್ತಲೋ ಹೊರಟುಹೋದ. ಸರಿ, ಮುಗಿಯಿತು ಎಂದುಕೊಂಡೆ. ಐದು ನಿಮಿಷದ ಮೇಲೆ ಬೀದಿ ತಿರುವಿನ ಮೆಷಿನ್ನಿನಿಂದ ಎರಡು ಬಿಸಿ ಕಾಫಿ ಡಬ್ಬಿ ತಂದು, ಒಂದನ್ನು ನನ್ನ ಕೈಗಿಟ್ಟು, ಒಂದು ಮೆಟ್ಟಿಲು ಕೆಳಗೆ ಕೂತ.

"ಮೈಸೂರಿನ ಕೆಲಸ ಹೋಯ್ತು," ಎಂದ. "ಇನ್ನೊಂದು ವರ್ಷ ಇಲ್ಲೇ. ಸಿಟ್ಟು ಇನ್ನೂ ಇದೆ, ಸುಳ್ಳು ಹೇಳಲ್ಲ. ಆದ್ರೆ ನೀವು ಹೇಳ್ದೇ ಇದ್ದಿದ್ರೆ, ಮೀನಾ ಅದನ್ನೇ ತನ್ನ ಮಕ್ಕಳಿಗೆ ಕಲಿಸ್ತಿದ್ದ. ಅದು ಆಗ್ಬಾರ್ದಿತ್ತು."

ಕಾಫಿ ತುಂಬ ಸಿಹಿಯಾಗಿತ್ತು. ಮನಸ್ಸಿನ ಅಂಚಿನಲ್ಲಿ ನಿಂತಿದ್ದದ್ದು ಈಗ ಒಳಗೆ ಬಂತು. ಡಿಸೆಂಬರಿನ ಆ ಮೌನ, ಜನವರಿಯ ಆ ಮೌನ. ಅವನ 'ಮ್ಮ್' ನಾಲ್ಕು ಸೆಕೆಂಡಿನ ಆಚೆಗೂ ನಡೆದಿತ್ತು, ಅದರ ಕೊನೆಗೆ ಅವನು ಏನೋ ಹೇಳಲು ಹೊರಟಿದ್ದ, ನನ್ನದೇ ಫಿಲ್ಟರ್ ಅವನ ಬಾಯಿ ಮುಚ್ಚಿಸಿತ್ತು. ಸದ್ದು ನಿಂತ ಕೂಡಲೇ ನಾನು ನಡುವೆ ಬಾಯಿ ಹಾಕಿದ್ದೆ.

"ಗಿರಿಧರ್, ಡಿಸೆಂಬರ್‌ನಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ಇಲ್ಲೇ ಇರೋಕೆ ಏನೂ ಕಾರಣ ಇಲ್ವಾ ಅಂತ."

"ನೆನಪಿದೆ. ಉತ್ತರ ಹೇಳೋಕೆ ಬಿಡ್ಲೇ ಇಲ್ಲ ನೀವು. ಎರಡು ಸಲ."

"ಈಗ ಬಿಡ್ತೀನಿ."

ಅವನು ತಿರುಗಿ ನನ್ನ ಮುಖ ನೋಡಿದ. "ಮ್ಮ್..." ಎಂದ.

ನಾಲ್ಕು ಸೆಕೆಂಡು ಕಳೆಯಿತು. ಐದಾಯಿತು. ಬಸ್ಸೊಂದು ಹೋಯಿತು. ಎದುರುಮನೆಯ ಅಜ್ಜಿ ಕಿಟಕಿಯ ಪರದೆ ಎಳೆದರು. ನಾಲಿಗೆಯ ತುದಿಗೆ ಬಂದ ಮಾತನ್ನೆಲ್ಲ ಕಾಫಿಯ ಜೊತೆ ನುಂಗಿದೆ. ಎಂಟು, ಒಂಬತ್ತು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತವಳಲ್ಲ ನಾನು. ಹನ್ನೊಂದರ ನಂತರ ಎಣಿಸುವುದನ್ನು ಬಿಟ್ಟೆ.

"ನೀನು," ಎಂದ.